ಹತ್ತಕ್ಕೆ ಎಷ್ಟು?

ನಮ್ಮ ದಾವಣಗೆರೆಯ ಎಪಿಎಂಸಿ ಯಾರ್ಡಿಗೆ ಮೆಕ್ಕೆಜೋಳ ತಂದ ರೈತ ತಾನು ಹೇಳಿದ ದರವನ್ನೇ ಪಡೆದು ಮನೆಗೆ ಹೋದದ್ದನ್ನು ನಾನಂತೂ ಕಂಡಿಲ್ಲ. ಖರೀದಿದಾರ ಒಂದು ಹಿಡಿ ಕಾಳನ್ನು ಅಂಗೈಯಲ್ಲಿ ಉರುಳಿಸಿ, ಒಂದನ್ನು ಹಲ್ಲಿನಲ್ಲಿ ಕಚ್ಚಿ, 'ತೇವ ಐತಿ' ಎಂದರೆ ಮುಗಿಯಿತು; ಅಲ್ಲಿಂದಾಚೆಗೆ ಎಲ್ಲವೂ ಇಳಿಕೆಯ ಲೆಕ್ಕ. ಆರು ವರ್ಷಗಳಿಂದ ಸೊಂಟನೋವನ್ನು ಹೊತ್ತುಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ತಿರುಗುತ್ತಿರುವ ನನಗೆ ಈ ವ್ಯಾಪಾರ ಚೆನ್ನಾಗಿ ರೂಢಿಯಾಗಿದೆ. ಕಳೆದ ವಾರವೂ ಮೇಜಿನ ಆಚೆಯಿಂದ ಅದೇ ಪ್ರಶ್ನೆ ಬಂತು: 'ನೋವು ಹತ್ತಕ್ಕೆ ಎಷ್ಟು?' ನಾನು ಏಳು ಎಂದೆ. ವೈದ್ಯರು ಮೊದಲ ಬಾರಿಗೆ ತಲೆಯೆತ್ತಿ ನೋಡಿದರು. ಮನುಷ್ಯ ನಡೆದುಕೊಂಡು ಬಂದಿದ್ದಾನೆ, ಅಂಗಿಗೆ ಇಸ್ತ್ರಿಯಾಗಿದೆ, ಮಾತು ತೊದಲುತ್ತಿಲ್ಲ, ಕಣ್ಣಲ್ಲಿ ನೀರಿಲ್ಲ; ಇಷ್ಟೊಂದು ತೇವಾಂಶವಿರುವ ನೋವಿಗೆ ಏಳರ ದರ ಸಿಕ್ಕೀತೇ? 'ಏಳು ಅಂದ್ರೆ ಏನು ಗೊತ್ತೇನ್ರೀ?' ಎಂದರು. ನಾನು ತಡಮಾಡದೆ ಐದಕ್ಕೆ ಇಳಿದೆ.

ಈ ಅಳತೆಗೋಲನ್ನು ನಾನು ಹೀಗಳೆಯಲಾರೆ, ಅದೊಂದು ಅದ್ಭುತ ಸಾಧನ. ಅದರ ಸಚಿತ್ರ ಆವೃತ್ತಿ ವೈದ್ಯರ ಹಿಂದಿನ ಗೋಡೆಯಲ್ಲೇ ಇದೆ: ನಗುವ ಮುಖದಿಂದ ಆರಂಭವಾಗಿ ಅಳುವ ಮುಖದಲ್ಲಿ ಕೊನೆಗೊಳ್ಳುವ ಆರು ದುಂಡು ಮುಖಗಳು. ಡೊನ್ನಾ ವಾಂಗ್ ಮತ್ತು ಕಾನಿ ಬೇಕರ್ ಎಂಬ ಇಬ್ಬರು ಮಹಿಳೆಯರು 1983ರಲ್ಲಿ ಇದನ್ನು ರೂಪಿಸಿದ್ದು, ನೋವನ್ನು ಬಾಯಿಬಿಟ್ಟು ವಿವರಿಸಲಾಗದ ಪುಟ್ಟ ಮಕ್ಕಳಿಗಾಗಿ. ಮಗು ತನಗೆ ಹೊಂದುವ ಮುಖವನ್ನು ತಾನೇ ಬೆರಳಿಟ್ಟು ತೋರಿಸಬೇಕು, ಮಗುವಿನ ಮುಖ ನೋಡಿ ಬೇರೆಯವರು ಅಂಕ ಹಾಕಬಾರದು ಎಂಬುದು ಅದರ ಮೂಲ ಕಟ್ಟಳೆ. ನಮ್ಮಲ್ಲಿ ಕಟ್ಟಳೆ ತಿರುಗಿ ನಿಂತಿದೆ. ಐವತ್ತೆರಡು ವರ್ಷದ ನಾನು ಅಂಕ ಹೇಳುತ್ತೇನೆ, ಅವರು ನನ್ನ ಮುಖ ನೋಡಿ ಅದನ್ನು ತಿದ್ದುತ್ತಾರೆ. ಹೀಗಾಗಿ ಒಳಗೆ ಹೋಗುವ ಮೊದಲು ಮುಖವನ್ನು ಸ್ವಲ್ಪ ಕೆಡಿಸಿಕೊಳ್ಳುವ ಅಭ್ಯಾಸ ಮಾಡಿಕೊಂಡಿದ್ದೇನೆ. ಹೆಚ್ಚು ಕೆಡಿಸಿದರೆ 'ಟೆನ್ಷನ್ ಪಾರ್ಟಿ' ಎನ್ನುತ್ತಾರೆ, ಕಡಿಮೆಯಾದರೆ 'ಏನೂ ಇಲ್ಲ' ಎನ್ನುತ್ತಾರೆ. ಹವ್ಯಾಸಿ ರಂಗಭೂಮಿಯಲ್ಲಿ ಒಂದೆರಡು ವರ್ಷ ದುಡಿದವರಿಗೆ ಮಾತ್ರ ಇಲ್ಲಿ ಸರಿಯಾದ ಚಿಕಿತ್ಸೆ ಸಿಗಬಹುದೆಂದು ನನ್ನ ಅನುಮಾನ.

ಆದರೆ ಒಳಗೆ ಹೋಗುವ ಮಾತು ಆಮೇಲಿನದು. ಹೊರಗೆ ಕಾಯುವ ಯೋಗವೊಂದಿದೆ. ಬೆನ್ನು, ಸೊಂಟ, ಮಂಡಿ ಹಿಡಿದುಕೊಂಡು ಬರುವವರಿಗೆಂದೇ ಇರುವ ವಿಭಾಗವದು; ಅದು ಎರಡನೆಯ ಮಹಡಿಯಲ್ಲಿದೆ, ಲಿಫ್ಟಿನ ಬಾಗಿಲಿಗೆ 'ದುರಸ್ತಿಯಲ್ಲಿದೆ' ಎಂಬ ಚೀಟಿ ಅಂಟಿಸಿ ಎಷ್ಟು ದಿನವಾಯಿತೆಂದರೆ ಚೀಟಿಯೇ ಹಳದಿಗಟ್ಟಿ ದುರಸ್ತಿಗೆ ಬಂದಿದೆ. ಮೇಲೆ ತೂತುತೂತಿನ ಉಕ್ಕಿನ ಕುರ್ಚಿಗಳು, ಮೂರು ಮೂರು ಒಂದೇ ಕಂಬಿಗೆ ಬೆಸೆದವು. ನಾನು ಕುಳಿತ ಸಾಲಿನಲ್ಲಿ ಒಂದು ಕಾಲಿನ ಬೋಲ್ಟು ಬಿದ್ದುಹೋಗಿತ್ತು. ಆ ಕೊನೆಯಲ್ಲಿದ್ದ ಅಜ್ಜಿ ಎದ್ದರೆ ಈ ಕೊನೆಯ ನಾನು ಒಂದಂಗುಲ ಕೆಳಗಿಳಿಯುತ್ತಿದ್ದೆ, ಅವರು ಕುಳಿತರೆ ಮೇಲೇರುತ್ತಿದ್ದೆ, ಪ್ರತಿ ಸಲವೂ ಆ ಸುದ್ದಿ ಸೊಂಟದಿಂದ ಹೊರಟು ಎಡಗಾಲಿನ ಕಿರುಬೆರಳಿನವರೆಗೆ ತಲುಪುತ್ತಿತ್ತು. ಟೋಕನ್ ಕೂಗುವವರ ದನಿ ಕೇಳಿಸದೆ ಅಜ್ಜಿ ಒಟ್ಟು ಹನ್ನೊಂದು ಸಲ ಎದ್ದರು. ಎಣಿಸಿದ್ದೇನೆ, ಬೇರೆ ಕೆಲಸವಿರಲಿಲ್ಲ.

ಅಜ್ಜಿ ಚಿತ್ರದುರ್ಗದ ಕಡೆಯ ಹಳ್ಳಿಯವರು. ಕಾಯುವಾಗ ನೋವಿನ ಮಾತು ಬಾರದಿರುತ್ತದೆಯೇ? 'ಸೊಂಟದಾಗ ಯಾರೋ ಹಗ್ಗ ಹೊಸದಂಗ ಆಗತೈತಿ, ಕಾಲಾಗ ಇರುವಿ ಹರದಂಗ, ರಾತ್ರಿ ಆತಂದ್ರ ಕೆಂಡ ಇಟ್ಟಂಗ' ಎಂದರು. ಹೊಸೆತ, ಹರಿದಾಟ, ಉರಿ. ಒಂದೇ ಉಸಿರಿನಲ್ಲಿ ಮೂರು ಬಗೆ. ಕೆನಡಾದ ರೊನಾಲ್ಡ್ ಮೆಲ್ಜಾಕ್ ಎಂಬ ಮನಶ್ಶಾಸ್ತ್ರಜ್ಞರು ರೋಗಿಗಳ ಬಾಯಿಂದ ಬರುವ ಇಂಥ ಮಾತುಗಳನ್ನು ಹೆಕ್ಕಿ, 1975ರಲ್ಲಿ 78 ಪದಗಳ ಪ್ರಶ್ನಾವಳಿಯನ್ನೇ ಪ್ರಕಟಿಸಿದರು. ನೋವು ಎಷ್ಟು ಎಂಬುದರ ಜೊತೆಗೆ ಎಂಥದು ಎಂದೂ ಕೇಳಬೇಕು, ಉರಿ ಮತ್ತು ಜೋಮು ಎಂದರೆ ನರದ ಕಡೆ ನೋಡಬೇಕು ಎಂಬುದು ವೈದ್ಯಶಾಸ್ತ್ರಕ್ಕೆ ಹೊಸದಲ್ಲ. ಸೆಳೆತ, ಸಿಡಿತ, ಕುಟುಕು, ಹಿಡಿತ, ನುಲಿ, ಕಡಿತ, ಜುಮುಜುಮು ಎಂದು ನಮ್ಮ ಅಜ್ಜಿಯರು 78 ಪದಗಳನ್ನು ಎಲೆಯಡಿಕೆ ಜಗಿಯುತ್ತಲೇ ಒದಗಿಸಿಯಾರು. ಆದರೆ ಒಳಗಿನ ಕಂಪ್ಯೂಟರಿನಲ್ಲಿ ಅದಕ್ಕೆ ಜಾಗವಿಲ್ಲ, ಅಲ್ಲಿರುವುದು ಒಂದು ಅಂಕಿ ಹಿಡಿಸುವಷ್ಟು ಪುಟ್ಟ ಚೌಕ.

ಅವರೂರಿನ ಕೊಳವೆಬಾವಿಯ ನೀರು ಹೇಗೆ ಎಂದು ಒಳಗೆ ಯಾರಾದರೂ ಕೇಳಿದ್ದರೇ ಎಂದು ವಿಚಾರಿಸಿದೆ. ಇಲ್ಲವಂತೆ. ಚಿತ್ರದುರ್ಗ ಜಿಲ್ಲೆಯ ಎಷ್ಟೋ ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿದೆ. ಅಂಥ ನೀರನ್ನು ವರ್ಷಗಟ್ಟಲೆ ಕುಡಿದವರ ಬೆನ್ನುಮೂಳೆ ಮತ್ತು ಕೀಲುಗಳು ಬಿಗಿದುಕೊಂಡು ನೋಯುತ್ತವೆ. ಇದು ಇಲ್ಲಿಯ ಶಾಲೆಯ ಮಕ್ಕಳಿಗೂ ಗೊತ್ತಿರುವ ಸಂಗತಿ. 'ವಯಸ್ಸಾತಲ್ಲಮ್ಮಾ' ಎಂದು ಕಳುಹಿಸಿದ್ದರಂತೆ. ನೀರಿಗೆ ವಯಸ್ಸಾಗುವುದಿಲ್ಲವಲ್ಲ, ಅದಕ್ಕೇ ಅದನ್ನು ಯಾರೂ ಪರೀಕ್ಷಿಸಲಿಲ್ಲ.

ಊರಿನ ಸಲಹೆಗಾರರ ಸೇವೆಯನ್ನು ಇಲ್ಲಿ ನೆನೆಯದಿದ್ದರೆ ಕೃತಘ್ನನಾಗುತ್ತೇನೆ. ಬೆಣ್ಣೆದೋಸೆ ಬಿಟ್ಟರೆ ಸೊಂಟ ಸರಿಹೋಗುತ್ತದೆ ಎಂದವರೊಬ್ಬರು, ಬೆಣ್ಣೆ ಮೂಳೆಗೆ ಒಳ್ಳೆಯದು, ಎರಡು ಹೆಚ್ಚಿಗೆ ತಿನ್ನಿ ಎಂದವರು ಇನ್ನೊಬ್ಬರು. ನಾನು ಎರಡನೆಯವರನ್ನು ನಂಬಿದ್ದೇನೆ. ಮಂಡಕ್ಕಿ ಮಿರ್ಚಿಯ ಅಂಗಡಿಯವರಿಂದ ಹಿಡಿದು ಕ್ಷೌರಿಕರವರೆಗೆ ಎಲ್ಲರ ಬಳಿಯೂ ಒಂದೊಂದು ಎಣ್ಣೆಯಿದೆ. ಒಂದು ಮಾತನ್ನು ಮಾತ್ರ ಒಪ್ಪಬೇಕು: ಅವರಲ್ಲಿ ಒಬ್ಬರೂ ನನ್ನ ನೋವು ಸುಳ್ಳು ಎಂದವರಲ್ಲ. ಹಾಗೆ ಹೇಳಲು ಎಂಬಿಬಿಎಸ್ ಬೇಕು, ಮೇಲೊಂದು ಎಂಆರ್‌ಐ ವರದಿಯೂ ಬೇಕು. 'ರಿಪೋರ್ಟ್ ನಾರ್ಮಲ್ ಇದೆ' ಎಂದು ಆ ಕಪ್ಪು ಹಾಳೆಯನ್ನು ಬೆಳಕಿಗೆ ಹಿಡಿದು ಅವರು ಹೇಳುವಾಗ ಹಾಳೆ ಆರೋಗ್ಯವಾಗಿರುವುದಕ್ಕೆ ನನಗೂ ಸಂತೋಷವಾಗುತ್ತದೆ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘವು 2020ರಲ್ಲಿ ತನ್ನ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ, ವ್ಯಕ್ತಿ ತನಗೆ ನೋವಿದೆ ಎಂದರೆ ಆ ಮಾತನ್ನು ಗೌರವಿಸಬೇಕು ಎಂಬ ಟಿಪ್ಪಣಿಯನ್ನು ಸೇರಿಸಿತು. ಮೂರು ತಿಂಗಳು ಮೀರಿದ ನೋವನ್ನು ದೀರ್ಘಕಾಲಿಕವೆಂದು ಕರೆದು, ವಿಶ್ವ ಆರೋಗ್ಯ ಸಂಸ್ಥೆಯು 2022ರಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಅದಕ್ಕೆ ತನ್ನದೇ ಆದ ಸಂಕೇತವನ್ನೂ ಕೊಡಲಾಗಿದೆ. ಆ ಗೌರವ ಎರಡನೆಯ ಮಹಡಿ ಹತ್ತಿ ಬರಲು ಬಹುಶಃ ಲಿಫ್ಟಿಗಾಗಿ ಕಾಯುತ್ತಿದೆ.

ಅಂಗವಿಕಲತೆಯ ಪ್ರಮಾಣಪತ್ರವಾದರೂ ಸಿಕ್ಕರೆ ಬಸ್ಸಿನಲ್ಲಿ ಕುಳಿತು ಹೋಗಬಹುದೆಂದು ಯೋಚಿಸಿದ್ದೂ ಉಂಟು. 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ, ದೀರ್ಘಕಾಲದ ನೋವು ಪ್ರತ್ಯೇಕವಾಗಿ ಅದರಲ್ಲಿಲ್ಲ. ಸವಲತ್ತಿಗೆ ಶೇಕಡಾ 40 ಮುಟ್ಟಬೇಕು, ನನ್ನ ಕೈಕಾಲುಗಳು ಎಲ್ಲ ದಿಕ್ಕಿಗೂ ಬಾಗುತ್ತವೆ. ಬಾಗುವಾಗ ಏನಾಗುತ್ತದೆಂದು ಅಳೆಯುವ ಕೋನಮಾಪಕ ಇನ್ನೂ ಬಂದಿಲ್ಲ.

ಕೊನೆಗೆ ಒಂದು ಮನವಿ ಬರೆದೆ. ಬೆನ್ನಿಗೆ ಆಸರೆಯಿರುವ ನಾಲ್ಕು ಕುರ್ಚಿ, ವಾರಕ್ಕೊಂದು ದಿನ ನೋವಿನ ಚಿಕಿತ್ಸೆಗೇ ಮೀಸಲಾದ ಹೊರರೋಗಿ ವಿಭಾಗ, ಒಬ್ಬ ರೋಗಿಗೆ ಹತ್ತು ನಿಮಿಷ, ಈ ವಿಭಾಗ ನೆಲಮಹಡಿಗೆ, ಇಷ್ಟೇ. ಅದನ್ನು ಸಲ್ಲಿಸಲು ಕುಂದುಕೊರತೆಯ ಸಭೆಯಲ್ಲಿ ಎರಡು ಗಂಟೆ ಸಾಲಿನಲ್ಲಿ ನಿಂತೆ. ಅಧಿಕಾರಿ ಓದಿದರು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. 'ಎರಡು ತಾಸು ನಿಂತಿದ್ದೀರಿ, ಆರಾಮಾಗೇ ಇದ್ದೀರಲ್ಲ' ಎಂದರು.

ನನಗೆ ತಮಾಷೆ ಸಾಕಾಗಿದೆ. ನಿಲ್ಲಲಾಗದವನು ಸಾಲಿನಲ್ಲಿ ನಿಲ್ಲಲಾರ, ಹಾಗಾಗಿ ಅವನ ದೂರು ಇಲ್ಲ. ನಿಂತವನಿಗೆ ನಿಲ್ಲಲು ಬಂತು, ಹಾಗಾಗಿ ಅವನಿಗೆ ನೋವಿಲ್ಲ. ಆ ಎರಡು ಗಂಟೆಗೆ ನಾನು ಆಮೇಲೆ ಎರಡು ದಿನ ಹಾಸಿಗೆಯಲ್ಲಿ ಮಲಗಿ ಬೆಲೆ ತೆತ್ತೆ, ಅದನ್ನು ನೋಡಲು ಯಾವ ಅಧಿಕಾರಿಯೂ ನಮ್ಮ ಮನೆಗೆ ಬರಲಿಲ್ಲ, ಮನೆಯಾಕೆ ನೋಡಿದಳು. ಮನವಿಗೆ ಮಾತ್ರ ಉತ್ತರ ಬಂದಿದೆ: ಸೂಕ್ತ ಕ್ರಮಕ್ಕಾಗಿ ರವಾನಿಸಲಾಗಿದೆ. ಎಲ್ಲಿಗೆ ಎಂದು ಬರೆದಿಲ್ಲ.

ಕಳೆದ ವಾರದ ಮಾತಿಗೆ ಬರುತ್ತೇನೆ. ಐದಕ್ಕೆ ಒಪ್ಪಂದವಾಗಿತ್ತಲ್ಲ; ಮೆಟ್ಟಿಲಿಳಿದು ಔಷಧದ ಕಿಟಕಿಯ ಮುಂದೆ ನಿಂತು ಚೀಟಿ ನೋಡಿದರೆ ಚೌಕದಲ್ಲಿ 3 ಎಂದಿತ್ತು. ಕೆಳಗೆ ಅದೇ ಮಾತ್ರೆ, ಅದೇ ಜೆಲ್, 'ವಾಕಿಂಗ್ ಮಾಡಿ'. ಪಕ್ಕದಲ್ಲಿ ಅಜ್ಜಿ ಗೋಡೆಗೆ ಆನಿಕೊಂಡು ನಿಂತಿದ್ದರು.

'ನಿಂಗೆಷ್ಟು ಕೊಟ್ರಪ್ಪಾ?' ಎಂದು ಕೇಳಿದರು.

'ಮೂರು' ಎಂದೆ.

ಅಜ್ಜಿ ತಮ್ಮ ಚೀಟಿಯನ್ನು ನನ್ನ ಕಡೆ ಚಾಚಿ ಓದಿಸಿಕೊಂಡರು, ಆಮೇಲೆ ಅದನ್ನು ಜೋಪಾನವಾಗಿ ಮಡಚಿ ಸೊಂಟದ ಚೀಲಕ್ಕೆ ಸೇರಿಸಿ, ಪಾಪ ಎನ್ನುವಂತೆ ನನ್ನನ್ನು ನೋಡಿ ಹೇಳಿದರು: 'ನಂಗ ನಾಕು ಕೊಟ್ಟಾರ.'