ಕಾರು ತೊಳೆಯೋಕೆ ದುಡ್ಡಿಗಿಂತ ಒಳ್ಳೆ ಬಟ್ಟೆ ಮುಖ್ಯ

ಕಾರನ್ನು ಚೆನ್ನಾಗಿ ಇಟ್ಟುಕೊಳ್ಳಬೇಕು ಅಂದರೆ ಕೈತುಂಬ ದುಡ್ಡಿರಬೇಕು ಅನ್ನೋ ನಂಬಿಕೆ ಬಹಳ ಜನರಲ್ಲಿದೆ. ಬಣ್ಣ ಕಾಪಾಡೋಕೆ ಮೇಲೆ ಹಚ್ಚೋ ಸೆರಾಮಿಕ್ ಕೋಟಿಂಗ್, ನೊರೆ ಹಾಕಿ ತೊಳೆಯೋ ಫೋಮ್ ವಾಶ್, ಬಣ್ಣಬಣ್ಣದ ಬಾಟಲಿಗಳು ಇವನ್ನೆಲ್ಲ ನೋಡಿ ಸಾಧಾರಣ ಸಂಬಳದವರು ‘ಇದು ನಮಗಾಗೋ ಮಾತಲ್ಲ’ ಅಂತ ಕೈಚೆಲ್ಲಿಬಿಡ್ತಾರೆ. ನನಗೆ ಇದರಿಂದ ನಿಜಕ್ಕೂ ಬೇಸರವಾಗುತ್ತೆ. ಸಾಲ ಮಾಡಿ, ವರ್ಷಗಟ್ಟಲೆ ಕಂತು ಕಟ್ಟಿ ಕೊಂಡ ಕಾರಿನ ಬಣ್ಣ ಬೇಗ ಮಂಕಾಗೋದಕ್ಕೆ ಬಹಳ ಸಲ ಕಾರಣ ದುಡ್ಡು ಖರ್ಚು ಮಾಡದೇ ಇದ್ದದ್ದಲ್ಲ, ಉಜ್ಜಬಾರದ ಹಾಗೆ ಉಜ್ಜಿದ್ದು.

ಬೆಳಿಗ್ಗೆ ಹೊರಡೋ ಮುಂಚೆ ಮೇಲೆ ಕೂತ ಧೂಳನ್ನು ಒಂದು ಒಣ ಬಟ್ಟೆ ತಗೊಂಡು ಸರಸರ ಒರೆಸೋ ಅಭ್ಯಾಸ ಇದೆಯಲ್ಲ, ಕಾರಿನ ಹೊಳಪಿಗೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ ಅಂತ ನಾನು ನಂಬ್ತೀನಿ. ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಅನ್ನೋ ಪಾರದರ್ಶಕ ಪದರ ಇರುತ್ತೆ. ಅದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಅಂದರೆ ತಲೆಕೂದಲಿಗಿಂತಲೂ ತೆಳು. ಹೊಳಪು, ಬಿಸಿಲಿನಿಂದ ರಕ್ಷಣೆ ಎಲ್ಲ ಅದರಲ್ಲೇ ಇರೋದು. ಧೂಳಿನಲ್ಲಿರೋ ಮರಳಿನ ಕಣಗಳು ಆ ಪದರಕ್ಕಿಂತ ಗಟ್ಟಿ. ಒಣ ಬಟ್ಟೆಯ ಕೆಳಗೆ ಅವು ಸಿಕ್ಕಿಕೊಂಡರೆ ಪ್ರತಿ ಸಲ ಒರೆಸಿದಾಗಲೂ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳು ಬೀಳ್ತವೆ. ದಿನ ಕಳೆದಂತೆ ಅವೆಲ್ಲ ಸೇರಿ, ಬಿಸಿಲಲ್ಲಿ ನಿಲ್ಲಿಸಿದಾಗ ಬಾನೆಟ್ ತುಂಬ ಸುತ್ತುಸುತ್ತಾದ ಗೆರೆಗಳಾಗಿ ಎದ್ದು ಕಾಣ್ತವೆ. ಕಪ್ಪು, ಕಡುನೀಲಿ ಕಾರುಗಳಲ್ಲಂತೂ ಮುಚ್ಚಿಡೋಕೇ ಆಗಲ್ಲ.

ಆಮೇಲೆ ಪಾಲಿಶ್ ಮಾಡಿಸಿದರಾಯ್ತು ಅನ್ನೋರಿದ್ದಾರೆ. ರಬ್ಬಿಂಗ್ ಪಾಲಿಶ್ ಗೀರನ್ನು ತುಂಬಲ್ಲ, ಗೀರಿನ ಸುತ್ತ ಇರೋ ಪದರವನ್ನೇ ಒಂದಿಷ್ಟು ಸವೆಸಿ ಸಮ ಮಾಡುತ್ತೆ. ಇರೋದೇ ಅಷ್ಟು ತೆಳು ಪದರ, ವರ್ಷಕ್ಕೆ ಎರಡೆರಡು ಸಲ ದುಡ್ಡು ಕೊಟ್ಟು ಅದನ್ನೇ ಸವೆಸುತ್ತಾ ಹೋದರೆ ಏನು ಉಳಿಯುತ್ತೆ? ಧೂಳು ಬರೀ ತೆಳ್ಳಗೆ ಕೂತಿದ್ದರೆ ಹಾಗೇ ಬಿಡಿ. ಧೂಳು ಸುಮ್ಮನೆ ಕೂತರೆ ಏನೂ ಮಾಡಲ್ಲ, ಉಜ್ಜಿದಾಗ ಮಾತ್ರ ಕೆರೆಯುತ್ತೆ. ಧೂಳು ಹಿಡಿದ ಕಾರಿನ ಮೇಲೆ ಕವರ್ ಎಳೆಯೋದೂ ಇದೇ ಲೆಕ್ಕ. ಗಾಳಿಗೆ ಕವರ್ ಅಲುಗಾಡಿದಷ್ಟೂ ಕೆಳಗಿನ ಧೂಳು ಬಣ್ಣವನ್ನು ತಿಕ್ಕುತ್ತಿರುತ್ತೆ. ಕವರ್ ಹಾಕೋದಾದರೆ ತೊಳೆದ ಕಾರಿಗೆ ಹಾಕಿ.

ಹಾಗಾದರೆ ದುಡ್ಡು ಎಲ್ಲಿ ಹಾಕಬೇಕು? ನನ್ನನ್ನು ಕೇಳಿದರೆ ಮೂರ್ನಾಲ್ಕು ಒಳ್ಳೆ ಮೈಕ್ರೋಫೈಬರ್ ಬಟ್ಟೆ, ಒಂದು ಬಾಟಲಿ ಕಾರ್ ಶಾಂಪೂ, ಒಂದು ಡಬ್ಬಿ ಮೇಣ, ಅಂದರೆ ಕಾರಿನ ಬಣ್ಣಕ್ಕೆ ಹಚ್ಚೋ ವ್ಯಾಕ್ಸ್. ಇಷ್ಟೇ. ಬಕೆಟ್ ಹೇಗೂ ಮನೆಯಲ್ಲಿ ಇರುತ್ತೆ. ಹಳೇ ಬನಿಯನ್, ಹರಿದ ಟವೆಲ್ ಇದೆಯಲ್ಲ ಅನ್ನಬೇಡಿ. ಅವುಗಳ ಹೊಲಿಗೆ, ಗುಂಡಿ, ಒರಟು ಅಂಚು ಎಲ್ಲವೂ ಗೀರುತ್ತವೆ. ಮೈಕ್ರೋಫೈಬರ್‌ನಲ್ಲಿ ಪಾಲಿಯೆಸ್ಟರ್ ಮತ್ತು ಪಾಲಿಅಮೈಡ್ ಎಳೆಗಳನ್ನು ಬಹಳ ಸಣ್ಣಗೆ ಸೀಳಿರ್ತಾರೆ. ಹಾಗಾಗಿ ಅದು ಕೊಳೆಯನ್ನು ಮುಂದಕ್ಕೆ ತಳ್ಳದೆ ತನ್ನ ಎಳೆಗಳ ನಡುವೆ ಹಿಡಿದುಕೊಳ್ಳುತ್ತೆ. ಆದರೆ ಹಿಡಿದುಕೊಂಡದ್ದನ್ನು ಬಿಡಿಸೋ ಕೆಲಸ ನಮ್ಮದು. ಬೇರೆ ಬಟ್ಟೆಗಳ ಜೊತೆ ಹಾಕದೆ ಪ್ರತ್ಯೇಕವಾಗಿ ಒಗೆಯಿರಿ. ಬಟ್ಟೆ ಮೆತ್ತಗಾಗಲಿ ಅಂತ ಹಾಕೋ ಕಂಡಿಷನರ್ ಬೇಡವೇ ಬೇಡ, ಅದು ಎಳೆಗಳ ಮೇಲೆ ಕೂತು ಹೀರಿಕೊಳ್ಳೋ ಗುಣವನ್ನೇ ಹಾಳು ಮಾಡುತ್ತೆ. ಹೆಚ್ಚು ಬಿಸಿಗೂ ಎಳೆಗಳು ಗಡುಸಾಗ್ತವೆ, ಅದಕ್ಕೆ ನೆರಳಲ್ಲೇ ಒಣಗಿಸಿ. ಒರೆಸುವಾಗ ಬಟ್ಟೆ ಕೈತಪ್ಪಿ ನೆಲಕ್ಕೆ ಬಿತ್ತು ಅಂದರೆ ಆವತ್ತಿಗೆ ಅದರ ಕೆಲಸ ಮುಗೀತು, ಕೊಡವಿ ಮತ್ತೆ ಬಣ್ಣಕ್ಕೆ ಮುಟ್ಟಿಸಬೇಡಿ.

ತೊಳೆಯೋ ಕ್ರಮದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಗೆಲ್ಲೋದು ಸೋಲೋದು ಇಲ್ಲೇ. ಕಾರು ನೆರಳಲ್ಲಿರಲಿ, ಬಾನೆಟ್ ತಣ್ಣಗಿರಲಿ. ಬಿಸಿ ತಗಡಿನ ಮೇಲೆ ಸೋಪಿನ ನೀರು ನೋಡನೋಡುತ್ತಲೇ ಒಣಗಿ ಕಲೆಯಾಗುತ್ತೆ. ಮೊದಲು ಬರೀ ನೀರು. ಮೇಲಿಂದ ಕೆಳಕ್ಕೆ ಧಾರಾಳವಾಗಿ ಹಾಯಿಸಿ, ಕೈ ಹಾಕದೆಯೇ ಎಷ್ಟು ಮಣ್ಣು ಇಳಿದುಹೋಗುತ್ತೋ ಅಷ್ಟು ಹೋಗಲಿ. ಆಮೇಲೆ ಎರಡು ಬಕೆಟ್ ಇಟ್ಟುಕೊಳ್ಳಿ. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಒಂದು ಭಾಗ ಒರೆಸಿದ ಮೇಲೆ ಬಟ್ಟೆಯನ್ನು ಬರೀ ನೀರಿನಲ್ಲಿ ಜಾಲಿಸಿ, ಹಿಂಡಿ, ಆಮೇಲಷ್ಟೇ ಶಾಂಪೂ ಬಕೆಟ್‌ಗೆ ಅದ್ದಿ. ಒಂದೇ ಬಕೆಟ್ ಆದರೆ ಬಾಗಿಲಿನ ಮಣ್ಣನ್ನೇ ಮತ್ತೆ ತಂದು ಬಾನೆಟ್‌ಗೆ ಹಚ್ಚಿದ ಹಾಗೆ. ಈ ಎರಡನೇ ಬಕೆಟ್ಟಿಗೆ ಒಂದು ಪೈಸೆ ಹೆಚ್ಚು ಖರ್ಚಿಲ್ಲ, ಆದರೆ ದುಬಾರಿ ಕೋಟಿಂಗ್ ಮಾಡಿಸಿದವರು ಕೂಡ ಇದನ್ನು ಬಿಡಬಾರದು.

ಮೊದಲು ಮೇಲ್ಛಾವಣಿ ಮತ್ತು ಗಾಜು, ಆಮೇಲೆ ಬಾನೆಟ್, ಆಮೇಲೆ ಬಾಗಿಲು, ಕೊನೆಗೆ ಬಂಪರ್ ಮತ್ತು ಬಾಗಿಲಿನ ಕೆಳಭಾಗ. ಗುಂಡಗೆ ಸುತ್ತಿಸಿ ಉಜ್ಜೋದಕ್ಕಿಂತ ನೇರ ಗೆರೆಯಲ್ಲಿ ಹಗುರವಾಗಿ ಎಳೆಯಿರಿ. ಚಕ್ರಕ್ಕೆ ಬೇರೆಯದೇ ಬಟ್ಟೆ ಇಡಿ. ರಿಮ್ ಮೇಲಿನ ಕಪ್ಪು ಪುಡಿ ಬ್ರೇಕಿನಿಂದ ಉದುರಿದ್ದು, ಅದರಲ್ಲಿ ಕಬ್ಬಿಣದ ಕಣಗಳಿರ್ತವೆ. ಆ ಬಟ್ಟೆ ಬಣ್ಣದ ಹತ್ತಿರಕ್ಕೂ ಬರಬಾರದು.

ಇಡೀ ಹೊತ್ತು ಪೈಪು ಬಿಟ್ಟುಕೊಂಡು ತೊಳೆಯೋದು ನನಗೆ ಸಂಕಟದ ವಿಷಯ. ಸುಮ್ಮನೆ ಹರಿಯೋ ಪೈಪಿನಿಂದ ನಿಮಿಷಕ್ಕೆ ಹತ್ತು ಲೀಟರಿಗೂ ಹೆಚ್ಚು ನೀರು ಸುಲಭವಾಗಿ ಹೋಗುತ್ತೆ. ಎರಡು ಮೂರು ಬಕೆಟ್ಟಿನಲ್ಲಿ ಆಗೋ ಕೆಲಸ ಅದು. ನೀರು ತೀರಾ ಕಡಿಮೆ ಇದ್ದರೆ ರಿನ್ಸ್‌ಲೆಸ್ ವಾಶ್ ಅಂತ ದ್ರವ ಸಿಗುತ್ತೆ. ಒಂದೇ ಬಕೆಟ್ ನೀರಿಗೆ ಸ್ವಲ್ಪ ಬೆರೆಸಿ ಒರೆಸಿದರೆ ಸಾಕು, ಮತ್ತೆ ನೀರು ಹಾಯಿಸಬೇಕಿಲ್ಲ. ಕೆಸರು ಮೆತ್ತಿದ ಕಾರಿಗೆ ಆಗಲ್ಲ, ವಾರದ ಧೂಳಿಗೆ ಚೆನ್ನಾಗಿದೆ.

ಕಾರ್ ಶಾಂಪೂ ಬದಲಿಗೆ ಪಾತ್ರೆ ತೊಳೆಯೋ ಸೋಪು, ಬಟ್ಟೆ ಒಗೆಯೋ ಪುಡಿ ಬೇಡ. ಯಾಕೆ ಅಂದರೆ, ಅವು ಇರೋದೇ ಜಿಡ್ಡು ತೆಗೆಯೋಕೆ. ನೀವು ಕಷ್ಟಪಟ್ಟು ಹಚ್ಚಿದ ಮೇಣವನ್ನೂ ಅವು ಜಿಡ್ಡು ಅಂತಲೇ ತಿಳಿದು ತೊಳೆದುಹಾಕ್ತವೆ. ಶಾಂಪೂ ಒಂದು ಬಕೆಟ್ಟಿಗೆ ಒಂದೆರಡು ಮುಚ್ಚಳ ಸಾಕಾಗುತ್ತೆ, ಒಂದು ಬಾಟಲಿ ಬಹಳ ಕಾಲ ಬರುತ್ತೆ. ಇಲ್ಲಿ ಉಳಿಸೋಕೆ ಹೋಗಬೇಡಿ.

ತೊಳೆದ ಮೇಲೆ ತಾನಾಗಿ ಒಣಗಲಿ ಅಂತ ಬಿಡಬೇಡಿ. ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಿದ್ದರೆ ಒಣಗಿದ ಪ್ರತಿ ಹನಿಯ ಜಾಗದಲ್ಲೂ ಬಿಳಿ ಉಂಗುರ ಉಳಿಯುತ್ತೆ. ಗಾಜಿನ ಮೇಲೆ ಈಗಾಗಲೇ ಕಲೆ ಕೂತಿದ್ದರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆಯಲ್ಲಿ ಅದ್ದಿ ಒಂದೆರಡು ನಿಮಿಷ ಇಟ್ಟು ಒರೆಸಿ, ಚೆನ್ನಾಗಿ ನೀರಲ್ಲಿ ತೊಳೆದುಬಿಡಿ.

ಕಾಯಬಾರದ ಕೊಳೆ ಅಂದರೆ ಹಕ್ಕಿ ಹಿಕ್ಕೆ. ಅದರಲ್ಲಿ ಯೂರಿಕ್ ಆಮ್ಲ ಇರುತ್ತೆ, ಮೇಲೆ ಬಿಸಿಲು ಬಿದ್ದರೆ ಕ್ಲಿಯರ್ ಕೋಟ್ ಮೆತ್ತಗಾಗಿ ಹಿಕ್ಕೆಯ ಆಕಾರದಲ್ಲೇ ಕಲೆ ಕೂತುಬಿಡುತ್ತೆ. ಆದರೆ ಗಾಬರಿಯಲ್ಲಿ ಕೆರೆದು ತೆಗೆಯಬೇಡಿ, ಅದರಲ್ಲಿ ಕಾಳು, ಮರಳು ಎಲ್ಲ ಇರುತ್ತೆ. ಒದ್ದೆ ಬಟ್ಟೆ ಮೇಲೆ ಹಾಕಿ ಐದು ನಿಮಿಷ ನೆನೆಸಿ, ಮೆತ್ತಗೆ ಎತ್ತಿ ತೆಗೆಯಿರಿ. ಕಾರಿನಲ್ಲಿ ಒಂದು ಬಾಟಲಿ ನೀರು, ಒಂದು ಬಟ್ಟೆ ಸದಾ ಇರಲಿ.

ಮೇಣ ಮೂರ್ನಾಲ್ಕು ತಿಂಗಳಿಗೊಮ್ಮೆ ಕೈಯಲ್ಲೇ ಹಚ್ಚಿ. ನೀರು ಗುಂಡು ಹನಿಗಳಾಗಿ ಉರುಳೋದು ನಿಂತು ಹಾಳೆಯಂತೆ ಹರಡೋಕೆ ಶುರುವಾದರೆ ಮೇಣ ಹೋಗಿದೆ ಅಂತ ಅರ್ಥ. ಮೇಣ ಇದ್ದರೆ ಕೊಳೆ ಬಿಗಿಯಾಗಿ ಅಂಟಲ್ಲ, ಮುಂದಿನ ಸಲ ಉಜ್ಜೋದು ಅಷ್ಟು ಕಡಿಮೆ.

ಒಳಗಡೆಗೆ ಹೆಚ್ಚು ಹೇಳೋದಿಲ್ಲ. ಮ್ಯಾಟ್ ತೆಗೆದು ಕೊಡವಿ, ತೊಳೆದರೆ ಪೂರ್ತಿ ಒಣಗಿದ ಮೇಲಷ್ಟೇ ಹಾಕಿ. ಕಾರಿನ ಕೆಟ್ಟ ವಾಸನೆಗೆ ಬಹಳ ಸಲ ಮ್ಯಾಟ್ ಕೆಳಗಿನ ತೇವವೇ ಕಾರಣ, ಅದರ ಮೇಲೆ ಸೆಂಟ್ ಬಾಟಲಿ ತೂಗುಹಾಕಿ ಉಪಯೋಗ ಇಲ್ಲ. ಎಸಿ ಕಿಂಡಿಗಳಿಗೆ ಮೆತ್ತನೆಯ ಪೇಂಟ್ ಬ್ರಷ್ ಸಾಕು. ಡ್ಯಾಶ್‌ಬೋರ್ಡ್‌ಗೆ ಹಿಂಡಿದ ಒದ್ದೆ ಬಟ್ಟೆ. ಮಿರಿಮಿರಿ ಮಿಂಚಿಸೋ ಪಾಲಿಶ್ ಹಚ್ಚಿದರೆ ಅದರ ಬಿಂಬ ಮುಂದಿನ ಗಾಜಿನಲ್ಲಿ ಕಂಡು ಬಿಸಿಲಲ್ಲಿ ಕಣ್ಣಿಗೆ ತೊಂದರೆ. ಸ್ಟೀರಿಂಗ್ ಮತ್ತು ಪೆಡಲ್‌ಗೆ ತಾಗಿದರೆ ಜಾರುತ್ತೆ, ಅದು ಅಪಾಯ.

ಯಾರ ಕಣ್ಣಿಗೂ ಬೀಳದ ಎರಡು ಜಾಗ ಇವೆ. ಒಣ ಎಲೆಗಳು ಸೇರಿಕೊಳ್ಳೋ ವೈಪರ್ ಬುಡ, ಬಾಗಿಲಿನ ಅಡಿಯಲ್ಲಿರೋ ಸಣ್ಣ ರಂಧ್ರಗಳು. ಮಳೆನೀರು ಹೊರಹೋಗೋ ದಾರಿ ಅವು. ಕಟ್ಟಿಕೊಂಡರೆ ನೀರು ಒಳಗೇ ನಿಂತು ತುಕ್ಕು ಹಿಡಿಯುತ್ತೆ. ಕೈಯಲ್ಲಿ ಎಲೆ ಆರಿಸಿ, ಸಣ್ಣ ಕಡ್ಡಿಯಿಂದ ರಂಧ್ರ ಬಿಡಿಸಿ. ಖರ್ಚೇ ಇಲ್ಲ, ಆದರೆ ತಗಡು ಕೆಲಸದ ದೊಡ್ಡ ಬಿಲ್ಲು ಇದರಿಂದ ತಪ್ಪಬಹುದು.

ಇನ್ನು ಸಮಯ ಇಲ್ಲದೆ ಬೇರೆಯವರ ಕೈಲಿ ತೊಳೆಸೋರಿಗೆ ಒಂದು ಮಾತು. ತೊಳೆಯೋರು ಒಂದೇ ಬಕೆಟ್, ಒಂದೇ ಬಟ್ಟೆಯಲ್ಲಿ ಸಾಲುಸಾಲು ಕಾರು ಒರೆಸೋದು ಅವರ ಉದಾಸೀನ ಅಲ್ಲ, ಅವರಿಗೆ ಯಾರೂ ಬೇರೆ ಬಟ್ಟೆ ಕೊಟ್ಟಿರಲ್ಲ. ನಿಮ್ಮ ಮೈಕ್ರೋಫೈಬರ್ ಬಟ್ಟೆ, ನಿಮ್ಮ ಶಾಂಪೂ ನೀವೇ ತೆಗೆದುಕೊಡಿ. ‘ದಿನಾ ಒರೆಸೋದು ಬೇಡಪ್ಪ, ವಾರಕ್ಕೊಂದು ಸಲ ಎರಡು ಬಕೆಟ್ ನೀರಲ್ಲಿ ತೊಳಿ, ದುಡ್ಡು ಅಷ್ಟೇ ಕೊಡ್ತೀನಿ’ ಅಂತ ಹೇಳಿ ನೋಡಿ. ಅವರಿಗೆ ಕೆಲಸ ಹಗುರ, ನಿಮ್ಮ ಬಣ್ಣವೂ ಉಳಿಯುತ್ತೆ.