ಎದ್ದು ನೋಡಿದರೆ ಹಂಪ್ಸ್

ಬೆಳಗಾವಿಯಿಂದ ಬೆಳಿಗ್ಗೆ ಹೊರಟು, ವಿಜಯಪುರದಲ್ಲಿ ಗೋಳಗುಮ್ಮಟ, ಇಬ್ರಾಹಿಂ ರೋಜಾ ಎರಡನ್ನೂ ನೋಡಿ, ರಾತ್ರಿ ಊಟಕ್ಕೆ ಮನೆಗೆ ಬಂದುಬಿಡಬಹುದು ಎಂದು ನಂಬಿರುವವರು ಈ ಭೂಮಿಯ ಮೇಲೆ ಇಬ್ಬರೇ. ಒಬ್ಬಾಕೆ ಮೊಬೈಲಿನೊಳಗೆ ಕುಳಿತು ‘ಇನ್ನೂರು ಮೀಟರ್ ಮುಂದೆ ಬಲಕ್ಕೆ ತಿರುಗಿ’ ಅನ್ನುವವಳು. ಇನ್ನೊಬ್ಬರು ನಮ್ಮ ಓಣಿಯ ಮಾಸ್ತರ್ ಕಾಕಾ. ಆಕೆ ನಮ್ಮ ರಸ್ತೆಯನ್ನು ಆಕಾಶದಿಂದ ನೋಡುತ್ತಾಳೆ. ಕಾಕಾ ನೋಡಿದ್ದು ನೌಕರಿಯಲ್ಲಿದ್ದಾಗ, ಇಲೆಕ್ಷನ್ ಡ್ಯೂಟಿಗೆ ಹೋದಾಗ, ಅದೂ ಬಸ್ಸಿನಲ್ಲಿ ನಿದ್ದೆ ಮಾಡುತ್ತ.

ನಿವೃತ್ತ ಗಣಿತ ಮಾಸ್ತರರ ಪ್ರವಾಸ ಅಂದರೆ ಗೆರೆ ಹೊಡೆದ ನೋಟ್‌ಬುಕ್ಕಿನಲ್ಲೇ ಶುರುವಾಗಬೇಕು. ಐದೂವರೆಗೆ ಮನೆ ಬಿಡುವುದು. ಏಳಕ್ಕೆ ಯರಗಟ್ಟಿಯಲ್ಲಿ ನಾಷ್ಟಾ. ಎಂಟೂಕಾಲಿಗೆ ಲೋಕಾಪುರ. ಒಂಬತ್ತಕ್ಕೆ ಗದ್ದನಕೇರಿ ಕ್ರಾಸಿನಲ್ಲಿ ಚಹಾ. ಹತ್ತೂವರೆಗೆ ಗುಮ್ಮಟದ ಬಾಗಿಲು. ನಾಷ್ಟಾಕ್ಕೆ ಇಷ್ಟು, ಚಹಾಕ್ಕೆ ಇಷ್ಟು, ಹೆಂಡತಿ ಕಾಕುವಿನ ಮಂಡಿನೋವಿಗೆ ಇಷ್ಟು ಅಂತ ನಿಮಿಷ ಹಂಚಿ, ಕೆಳಗೆ ಕೆಂಪು ಪೆನ್ನಿನಲ್ಲಿ ಕೂಡಿಸಿ ಗೆರೆ ಎಳೆದಿದ್ದರು. ಆ ದಾರಿಯಲ್ಲಿ ಆಗಾಗ ಗಾಡಿ ಓಡಿಸುವವನು ಅಂತ ನನ್ನನ್ನು ಕರೆಸಿದ್ದು ಸಲಹೆಗಲ್ಲ, ರುಜುವಿಗೆ.

“ಇನ್ನೂರು ಕಿಲೋಮೀಟರ್ ಅಂದ್ರ ಏನ್ ದೊಡ್ಡ ಮಾತೋ ತಮ್ಮಾ? ತಾಸಿಗೆ ಐವತ್ತರಂಗ ಹಿಡಿ. ನಾಕ ತಾಸು. ಮುಗೀತಲ್ಲ.”

“ಕಾಕಾ, ಹಂಪ್ಸ್ ಲೆಕ್ಕಕ್ಕ ಹಿಡದೀರೇನ್ರಿ?”

“ಹಂಪ್ಸ್ ಏನ್ ಹಿಡಿಯೂದು? ಬರ್ತಾವ, ಹೋಗ್ತಾವ.”

“ಬರ್ತಾವ್ರಿ ಕಾಕಾ. ಹೋಗೂದಿಲ್ಲ.”

ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ನಮ್ಮ ಮೂರು ಜಿಲ್ಲೆಗಳಲ್ಲಿ ಸರ್ಕಾರಿ ಕೆಲಸ ನಿಧಾನ ಅಂತ ದೂರುವವರಿಗೆ ನಾನು ಈ ಹಂಪ್ಸ್ ತೋರಿಸುತ್ತೇನೆ. ಬಾಗಲಕೋಟೆ–ಕುಡಚಿ ರೈಲು ಮಾರ್ಗವನ್ನೇ ತಗೊಳ್ಳಿ. 142 ಕಿಲೋಮೀಟರ್, ಮಂಜೂರಾದದ್ದು 2010-11ರಲ್ಲಿ. ಅವತ್ತು ಹುಟ್ಟಿದ ಕೂಸು ಎಸ್ಸೆಸ್ಸೆಲ್ಸಿ ಬರೆಯುವ ವಯಸ್ಸಿಗೆ ಬಂದರೂ ಹಳಿ ಕುಡಚಿ ಮುಟ್ಟಿಲ್ಲ. ಅವಸರ ಮಾಡಬಾರದು ಬಿಡಿ, ಗೋಳಗುಮ್ಮಟ ಕಟ್ಟುವುದಕ್ಕೂ ಸುಮಾರು ಮೂವತ್ತು ವರ್ಷ ಹಿಡಿದಿತ್ತಂತೆ. ಆ ಲೆಕ್ಕದಲ್ಲಿ ರೈಲ್ವೆಯವರಿಗೆ ಇನ್ನೂ ಅರ್ಧ ಅವಧಿ ಬಾಕಿ ಇದೆ. ಚಿಕ್ಕೋಡಿ ಕಡೆಯ ತಗ್ಗು ಸೇತುವೆಗಳನ್ನು ನೋಡಿ. ಮಹಾರಾಷ್ಟ್ರದಲ್ಲಿ ಜೋರು ಮಳೆ ಸುರಿದರೆ ಸಾಕು, ಕಲ್ಲೋಳ–ಯಡೂರ ನಡುವಿನದು ಕೃಷ್ಣೆಯಲ್ಲಿ ಮುಳುಗುತ್ತದೆ. ಸಾಹೇಬರು ಬರುತ್ತಾರೆ, ನೀರು ನೋಡುತ್ತಾರೆ, ಎತ್ತರದ ಸೇತುವೆ ಮಾಡೋಣ ಅನ್ನುತ್ತಾರೆ, ನೀರು ಇಳಿಯುತ್ತದೆ, ಸಾಹೇಬರೂ ಇಳಿಯುತ್ತಾರೆ.

ಹಂಪ್ಸ್ ಹಾಗಲ್ಲ. ಸಂಜೆ ಇರಲಿಲ್ಲ, ಬೆಳಿಗ್ಗೆ ಎದ್ದು ನೋಡಿದರೆ ಇದೆ. ಅದಕ್ಕೆ ಟೆಂಡರ್ ಇಲ್ಲ, ಡಿಪಿಆರ್ ಅನ್ನುವ ಯೋಜನಾ ವರದಿ ಇಲ್ಲ, ಭೂಮಿಪೂಜೆ ಇಲ್ಲ, ಮಾಜಿ–ಹಾಲಿ ಇಬ್ಬರೂ ‘ಅನುದಾನ ತಂದದ್ದು ನಾನು’ ಅಂತ ಜಗಳಾಡುವುದಿಲ್ಲ. ಭೂಸ್ವಾಧೀನದ ಕೇಸು ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗುವುದಿಲ್ಲ. ನಮ್ಮ ಭಾಗದಲ್ಲಿ ಹೇಳಿದ ದಿನಕ್ಕಿಂತ ಮೊದಲೇ ಮುಗಿಯುವ ಏಕೈಕ ಸಾರ್ವಜನಿಕ ಕಾಮಗಾರಿ ಇದು. ಆದರೂ ಒಂದು ಹಂಪ್ಸ್ ಮೇಲೂ ಉದ್ಘಾಟಕರ ಹೆಸರಿನ ಕಲ್ಲಿಲ್ಲ. ಇಷ್ಟು ಸಂಕೋಚದ ಅಭಿವೃದ್ಧಿಯನ್ನು ಬೇರೆಲ್ಲೂ ಕಂಡಿಲ್ಲ.

ಇದರ ಹುಟ್ಟು ಹೇಗೆಂದರೆ, ರಸ್ತೆ ಅಗಲವಾಗುತ್ತದೆ. ಕಾರುಗಳು ಊರ ನಡುವೆ ನೂರರ ಮೇಲೆ ಹೋಗುತ್ತವೆ. ಒಂದಿನ ಶಾಲೆ ಬಿಟ್ಟು ಬರುತ್ತಿದ್ದ ಹುಡುಗನಿಗೆ ಗಾಡಿ ಬಡಿಯುತ್ತದೆ. ಊರು ರಸ್ತೆಗೆ ಬಂದು ಟೈರಿಗೆ ಬೆಂಕಿ ಹಚ್ಚುತ್ತದೆ. ಎರಡೂ ಕಡೆ ಬಸ್ಸು ನಿಲ್ಲುತ್ತವೆ. ಜೀಪು ಬರುತ್ತದೆ. ಊರವರು ಆಗ ಏನೇನು ಕೇಳುತ್ತಾರೆ ಅಂತ ಅಲ್ಲಿ ನಿಂತು ಕೇಳಿಸಿಕೊಂಡವರಿಗೆ ಗೊತ್ತು: ಕ್ರಾಸಿನಲ್ಲಿ ಲೈಟು ಹಾಕಿಸಿ, ಬಸ್ ನಿಲ್ಲೋ ಜಾಗ ಹಿಂದಕ್ಕೆ ಸರಿಸಿ, ಶಾಲೆಗೆ ಹೋಗೋ ಮಕ್ಕಳಿಗೆ ರಸ್ತೆ ಬದಿ ನಡೆಯೋದಕ್ಕೆ ಜಾಗ ಬಿಡಿ, ಆಗೋದಾದರೆ ರಸ್ತೆ ಕೆಳಗೊಂದು ದಾರಿ ಕೊಡಿ. ಸಾಹೇಬರು ತಲೆ ಆಡಿಸುತ್ತಾರೆ. ‘ಎಲ್ಲಾ ಮೇಲಿನವರಿಗೆ ಬರೀತೀವಿ, ಸದ್ಯಕ್ಕ ಒಂದು ಹಂಪ್ಸ್ ಹಾಕಿಸ್ತೀವಿ’ ಅನ್ನುತ್ತಾರೆ. ರಾತ್ರಿ ಒಂದು ಟ್ರ್ಯಾಕ್ಟರ್ ಕಡಿ, ಎರಡು ಡ್ರಮ್ಮು ಡಾಂಬರು. ಆ ‘ಸದ್ಯಕ್ಕ’ ಅನ್ನುವುದು ಶಾಶ್ವತ. ಮೇಲಿನವರಿಗೆ ಬರೆದ ಪತ್ರ ಮೇಲೆಯೇ ಇರುತ್ತದೆ. ದೀಪವಿಲ್ಲದ ಕ್ರಾಸಿನಲ್ಲಿ ಈಗ ಕಾಣದ ಹಂಪ್ಸ್ ಒಂದಿದೆ, ಅದಕ್ಕೆ ಬಡಿದು ಬೈಕಿನವರು ಬೀಳತೊಡಗುತ್ತಾರೆ. ಅದಕ್ಕೂ ಪರಿಹಾರ ಉಂಟು: ಮೊದಲನೇ ಹಂಪ್ಸ್ ಬರುತ್ತದೆ ಅಂತ ಗೊತ್ತಾಗಲು ಅದಕ್ಕಿಂತ ಮುಂಚೆ ಇನ್ನೊಂದು ಹಂಪ್ಸ್.

ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅನ್ನುವ ಸಂಸ್ಥೆ ಇದಕ್ಕೆಲ್ಲ ಅಳತೆ ಕೊಟ್ಟು ದಶಕಗಳಾದವು. ಅಗಲ 3.7 ಮೀಟರ್, ನಡುವಿನ ಎತ್ತರ 10 ಸೆಂಟಿಮೀಟರ್, ತಾಸಿಗೆ 25 ಕಿಲೋಮೀಟರಿನಲ್ಲಿ ಬಂದ ಗಾಡಿ ಮೆಲ್ಲಗೆ ಏರಿ ಇಳಿಯಬೇಕು, ಮೇಲೆ ಪಟ್ಟೆ ಬಣ್ಣ, 40 ಮೀಟರ್ ಮುಂಚೆ ಫಲಕ. ರಾಷ್ಟ್ರೀಯ ಹೆದ್ದಾರಿಯಲ್ಲಂತೂ ಹಂಪ್ಸೇ ಕೂಡದು, ಇದ್ದರೆ ಕಿತ್ತು ಹಾಕಿ ಎಂದು ಕೇಂದ್ರ ಸಚಿವಾಲಯದ ಸುತ್ತೋಲೆಯೂ ಇದೆ. ರಾತ್ರಿ ಗುದ್ದಲಿ ಹಿಡಿದವನಿಗೆ ಈ ಪುಸ್ತಕ ಯಾರೂ ಓದಿ ಹೇಳಿಲ್ಲ. ಅವನಿಗೆ ಗೊತ್ತಿರುವುದು ಹೊಲದ ಬದು, ರಸ್ತೆಗೂ ಅದನ್ನೇ ಹಾಕುತ್ತಾನೆ. ಇಳಿದು ಹತ್ತಿರ ಹೋಗಿ ನೋಡಿ. ಬದುವಿನ ನೆತ್ತಿಯ ಮೇಲೆ ಸಾಲಾಗಿ ಗೀರುಗಳಿರುತ್ತವೆ, ಸಣ್ಣ ಕಾರುಗಳು ಹೊಟ್ಟೆ ಉಜ್ಜಿಕೊಂಡು ಹೋದ ಗುರುತು. ಪಕ್ಕದ ಮಣ್ಣಿನಲ್ಲಿ ನಂಬರ್ ಪ್ಲೇಟಿನ ಅರ್ಧ ತುಂಡು, ಒಂದು ಬೋಲ್ಟು, ಒಡೆದ ಇಂಡಿಕೇಟರಿನ ಹಳದಿ ಚೂರು. ಬಣ್ಣ ಬಳಿದಿದ್ದರೆ ಅದು ಮೊದಲ ವಾರದ ಮಾತು. ‘ಮುಂದೆ ರಸ್ತೆ ಉಬ್ಬು ಇದೆ’ ಅನ್ನುವ ಫಲಕವೂ ಇರುತ್ತದೆ, ಹಂಪ್ಸ್ ದಾಟಿದ ಮೇಲೆ. ಸುಳ್ಳಲ್ಲ, ಮುಂದೆ ಇನ್ನೊಂದು ಇದ್ದೇ ಇರುತ್ತದೆ.

ಓಡಾಡಿ ಓಡಾಡಿ ನನಗೆ ಇವುಗಳ ಜಾತಿ ತಿಳಿಯುತ್ತದೆ. ಸಾಲಿ ಮುಂದಿನ ಹಂಪ್ಸ್, ಗುಡಿ ಮುಂದಿನ ಹಂಪ್ಸ್, ಇವು ನ್ಯಾಯವಾದವು, ತಕರಾರಿಲ್ಲ. ಮೆಂಬರ್ ಹಂಪ್ಸ್ ಅಂತ ಒಂದಿದೆ; ಅಲ್ಲಿ ಸಾಲಿಯೂ ಇಲ್ಲ, ಗುಡಿಯೂ ಇಲ್ಲ, ಗ್ರಾಮ ಪಂಚಾಯ್ತಿ ಸದಸ್ಯರ ಹೊಸ ಮನೆ ಇದೆ. ಪೈಪ್‌ಲೈನ್ ಹಂಪ್ಸ್ ಬೇರೆ: ಈಚೆ ಬಾವಿಯಿಂದ ಆಚೆ ಹೊಲಕ್ಕೆ ಪೈಪು ಒಯ್ಯಲು ರಸ್ತೆ ಸೀಳಿ, ಮಣ್ಣು ಮುಚ್ಚಿ, ‘ಕೂತ್ಕೊಂತೈತಿ ಬಿಡ್ರಿ’ ಅಂತ ಎತ್ತರಕ್ಕೆ ಬಿಟ್ಟದ್ದು. ಮಳೆಗಾಲದಲ್ಲಿ ಅದು ಕೂತು ತಗ್ಗಾಗುತ್ತದೆ, ಆದ್ದರಿಂದ ಋತುಮಾನಕ್ಕೆ ತಕ್ಕ ಹಾಗೆ ಅದಕ್ಕೆ ಎರಡು ಹೆಸರು. ಇನ್ನು ಚಹಾದಂಗಡಿ ಹಂಪ್ಸ್. ಇದನ್ನು ಯಾರು ಹಾಕಿದರು ಅಂತ ಯಾರಿಗೂ ಗೊತ್ತಿಲ್ಲ, ಅಂಗಡಿಯವನನ್ನು ಬಿಟ್ಟು. ಗಾಡಿ ನಿಂತಲ್ಲೇ ವ್ಯಾಪಾರ. ಪೇರಲದ ಬುಟ್ಟಿ, ಉಪ್ಪು–ಖಾರ ಸವರಿದ ಸೌತೆಕಾಯಿ, ಹುರಿದ ಶೇಂಗಾ, ಎಲ್ಲ ಕಿಟಕಿಗೇ ಬರುತ್ತವೆ. ಸಣ್ಣ ಉದ್ಯಮಕ್ಕೆ ಇಷ್ಟು ಪ್ರೋತ್ಸಾಹ ಕೊಟ್ಟ ಯೋಜನೆ ಇನ್ನೊಂದಿಲ್ಲ, ಸಬ್ಸಿಡಿಯೂ ಬೇಕಾಗಿಲ್ಲ.

ಕಾಕಾ ಇಷ್ಟನ್ನೂ ಕೇಳಿ ಹಾಳೆ ಮಗುಚಿದರು. ಹೊಸ ಪುಟದಲ್ಲಿ ‘ಯಾವ ತಿಂಗಳು?’ ಅಂತ ಬರೆದರು.

ಜುಲೈ–ಆಗಸ್ಟ್ ಬೇಡ. ಘಟಪ್ರಭೆ ತುಂಬಿದರೆ ಗೋಕಾಕದ ಲೋಳಸೂರ ಸೇತುವೆ ಮುಳುಗುತ್ತದೆ, ಆ ಕಡೆಯ ಗಾಡಿಗಳೆಲ್ಲ ಈ ಕಡೆ ತಿರುಗುತ್ತವೆ. ಏಪ್ರಿಲ್–ಮೇ ವಿಜಯಪುರದ ಬಿಸಿಲಲ್ಲಿ ಗುಮ್ಮಟದ ಏಳಂತಸ್ತಿನ ಮಿನಾರಿನ ಮೆಟ್ಟಿಲು ಹತ್ತಿದರೆ ಕಾಕು ಮೇಲೆಯೇ ಉಳಿಯುತ್ತಾರೆ. “ಹಂಗಾರ ಡಿಸೆಂಬರ್. ಥಂಡಿ ಇರತೈತಿ, ಮೊಮ್ಮಗನ ಸಾಲಿ ಸೂಟಿನೂ ಇರತೈತಿ” ಅಂದರು ಕಾಕಾ.

ಡಿಸೆಂಬರ್ ಅಂದರೆ ಕಬ್ಬಿನ ಹಂಗಾಮು. ಗೋಕಾಕ, ಮುಧೋಳ, ಜಮಖಂಡಿ ಸುತ್ತಿನ ಫ್ಯಾಕ್ಟರಿಗಳೆಲ್ಲ ಹೊಗೆ ಬಿಡುವ ಕಾಲ. ರಸ್ತೆಯಲ್ಲಿ ಒಂದು ಟ್ರ್ಯಾಕ್ಟರ್, ಅದರ ಹಿಂದೆ ಎರಡು ಟ್ರೇಲರ್, ಅವುಗಳ ಮೇಲೆ ಎರಡೂ ಕಡೆ ಚಾಚಿಕೊಂಡ ಕಬ್ಬು. ಇದು ಹಂಪ್ಸ್ ಏರುವುದನ್ನು ಟಿಕೆಟ್ ಇಟ್ಟು ತೋರಿಸಬೇಕು. ಎಂಜಿನ್ ಏರುತ್ತದೆ, ಮೊದಲ ಟ್ರೇಲರ್ ಏರಲೋ ಬೇಡವೋ ಅನ್ನುತ್ತದೆ, ಹಿಂದಿನದು ‘ನಾ ವಲ್ಲೆ’ ಅಂತ ಜಗ್ಗುತ್ತದೆ, ಟ್ರ್ಯಾಕ್ಟರಿನ ಮುಂದಿನ ಗಾಲಿ ಗೇಣುದ್ದ ಗಾಳಿಯಲ್ಲಿ ಎದ್ದು ನಿಲ್ಲುತ್ತದೆ. ಡ್ರೈವರ್ ಹುಡುಗ ಸೀಟಿನ ತುದಿಯಲ್ಲಿ ಆರಾಮ ಕೂತಿರುತ್ತಾನೆ. ಹುಡ್ ಮೇಲಿನ ಎರಡು ದೊಡ್ಡ ಬಾಕ್ಸಿನಲ್ಲಿ ಜನಪದ ಹಾಡು ಅರ್ಧ ಊರಿಗೆ ಕೇಳುತ್ತಿರುತ್ತದೆ, ಹಿಂದಿನ ಹಾರ್ನು ಅವನಿಗೆ ಕೇಳುವುದಿಲ್ಲ. ಕೊನೆಗೆ ಧಡ್ ಅಂತ ಇಳಿದಾಗ ನಾಲ್ಕಾರು ಗಳ ಕಬ್ಬು ಬೀಳುತ್ತವೆ. ಅದಕ್ಕಂತಲೇ ಕಾದು ಕೂತ ಹುಡುಗರು ಎತ್ತಿಕೊಂಡು ಓಡುತ್ತಾರೆ. ರಾತ್ರಿ ಆ ಟ್ರೇಲರಿನ ಹಿಂದೆ ಕೆಂಪು ದೀಪ ಹುಡುಕಬೇಡಿ. ಹಳೆಯ ಸಿ.ಡಿ. ಒಂದನ್ನು ದಾರದಲ್ಲಿ ಕಟ್ಟಿರುತ್ತಾರೆ. ನಿಮ್ಮ ಹೆಡ್‌ಲೈಟು ಬಿದ್ದರೆ ಮಿಂಚುತ್ತದೆ, ಅಷ್ಟರಲ್ಲಿ ನೀವು ಬ್ರೇಕ್ ಒತ್ತಿದರೆ ಪುಣ್ಯವಂತರು.

ಹಂಗಾಮು ಶುರುವಾಗುವುದಕ್ಕಿಂತ ಮೊದಲು ಹೋದರೆ? ಆಗ ದರದ ಜಗಳ ಇರುತ್ತದೆ. 2025ರ ನವೆಂಬರಿನಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ದಿನಗಟ್ಟಲೆ ರಸ್ತೆಯಲ್ಲೇ ಕೂತರು, ಅಲ್ಲೇ ಉಂಡರು, ಅಲ್ಲೇ ಮಲಗಿದರು. ಕೊನೆಗೆ ಸರ್ಕಾರ 3,300ಕ್ಕೆ ಬಂದು ನಿಂತಿತು. ಅವರನ್ನು ಬೈಯುವ ಬಾಯಿ ನನ್ನದಲ್ಲ. ಕಚೇರಿಗೆ ಅರ್ಜಿ ಕೊಟ್ಟರೆ ರಸೀದಿ, ರಸ್ತೆಯಲ್ಲಿ ಕೂತರೆ ಸಚಿವರು ಅನ್ನುವ ಪಾಠವನ್ನು ಕಲಿಸಿದ್ದು ಅವರಲ್ಲ. ಆದ್ದರಿಂದ ನಮ್ಮ ಕಡೆ ಪ್ರವಾಸ ಹೊರಡುವವರು ಮ್ಯಾಪ್ ತೆಗೆಯುವ ಮೊದಲು ಕಬ್ಬಿನ ದರ ನೋಡುವುದು ಒಳ್ಳೆಯದು.

ಮತ್ತೆ ಡಿಸೆಂಬರ್ ಅಂದರೆ ಅಧಿವೇಶನ. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರು ಸುವರ್ಣ ವಿಧಾನಸೌಧ ಉದ್ಘಾಟಿಸಿದ ಮೇಲೆ ನಮ್ಮ ಬೆಳಗಾವಿಗೆ ವರ್ಷಕ್ಕೆ ಹತ್ತು–ಹನ್ನೆರಡು ದಿನ ರಾಜಧಾನಿಯ ಮೈ ಬರುತ್ತದೆ. ಹೆದ್ದಾರಿ ಬದಿ ಕೊಂಡಸಕೊಪ್ಪದಲ್ಲಿ ಪ್ರತಿಭಟನೆಯ ಟೆಂಟು, ಊರೊಳಗೆ ಬ್ಯಾರಿಕೇಡು. ಆದರೆ ಅಧಿವೇಶನಕ್ಕೆ ಮುಂಚಿನ ವಾರದಲ್ಲಿ ಒಂದು ಪವಾಡವೂ ನಡೆಯುತ್ತದೆ. ತಗ್ಗು ಮುಚ್ಚುತ್ತವೆ, ಡಿವೈಡರಿಗೆ ಬಣ್ಣ ಬರುತ್ತದೆ. ದೊಡ್ಡವರು ಯಾವ ದಾರಿಯಲ್ಲಿ ಬರುತ್ತಾರೋ ಆ ದಾರಿಯ ಹಂಪ್ಸ್ ರಾತ್ರೋರಾತ್ರಿ ಮಾಯ. ಜೆಸಿಬಿ ಬಂದು ಕೆರೆದು ಹೋಗಿರುತ್ತದೆ. ಸಾಹೇಬರ ಟೊಂಕ ನಮ್ಮ ಟೊಂಕದ ಹಾಗಲ್ಲ, ಅದಕ್ಕೆ ಪ್ರೋಟೋಕಾಲ್ ಉಂಟು. ಅವರು ಎಂಬತ್ತರಲ್ಲಿ ಹೋಗಿ, ‘ಉತ್ತರ ಕರ್ನಾಟಕದ ರಸ್ತೆಗಳು ಎಷ್ಟು ಸುಧಾರಿಸಿವೆ’ ಅಂತ ಮೈಕಿನಲ್ಲಿ ಹೇಳಿ, ಮರಳಿ ಎಂಬತ್ತರಲ್ಲೇ ಹೋಗುತ್ತಾರೆ. ಅವರ ಧೂಳು ಕೂರುವ ಮೊದಲೇ ಕಡಿಯ ಟ್ರ್ಯಾಕ್ಟರ್ ವಾಪಸ್.

ಕಾಕಾ ಪೆನ್ನು ಕೆಳಗಿಟ್ಟರು. ಕನ್ನಡಕ ತೆಗೆದರು. ನಾಲ್ಕು ದಶಕ ಮಕ್ಕಳಿಗೆ ಗಣಿತ ಕಲಿಸಿದ ಮುಖದಲ್ಲಿ ಬೆಳಕು ಬಂತು.

“ಅಂದ್ರ ಹಂಪ್ಸ್ ತಗದದ್ದಕ್ಕೂ ಮತ್ತ ಹಾಕೂದಕ್ಕೂ ನಡುವ ಒಂದೆರಡ ದಿನ ಸಿಗತಾವಲ್ಲೋ?”

“ಸಿಗತಾವ್ರಿ.”

“ಮತ್ತ ಅದನ್ನ ಮೊದಲ ಹೇಳಬಾರದೇನು!”

ಅಂದಿನಿಂದ ಅವರು ಕ್ಯಾಲೆಂಡರ್ ನೋಡುವುದು ಬಿಟ್ಟಿದ್ದಾರೆ. ಪೇಪರಿನ ಒಳಪುಟದಲ್ಲಿ ಬರುವ ‘ಇಂದು ಸಚಿವರ ಜಿಲ್ಲಾ ಪ್ರವಾಸ’ ಅನ್ನುವ ಸಣ್ಣ ಸುದ್ದಿಯನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸುತ್ತಾರೆ. ರಾಜ್ಯ ಮಂತ್ರಿ ಬಂದರೆ ಎಷ್ಟು ಹಂಪ್ಸ್ ಹೋಗುತ್ತವೆ, ಕೇಂದ್ರದವರು ಬಂದರೆ ಎಷ್ಟು, ಹೆಲಿಕಾಪ್ಟರಿನಲ್ಲಿ ಬಂದರೆ ಯಾಕೆ ಒಂದೂ ಹೋಗುವುದಿಲ್ಲ ಅಂತ ಕೋಷ್ಟಕ ಹಾಕಿದ್ದಾರೆ. ಯರಗಟ್ಟಿಯಲ್ಲಿರುವ ಅವರ ಹಳೆಯ ಶಿಷ್ಯನೊಬ್ಬನಿಗೆ ದಿನಾ ಫೋನು: ‘ನಿಮ್ಮ ಕಡೆ ಜೆಸಿಬಿ ಬಂತೇನೋ?’ ಬಾಡಿಗೆ ಗಾಡಿಯವನಿಗೆ ಮುಂಗಡ ಕೊಟ್ಟು, ತಾರೀಖು ಮಂತ್ರಿಗಳು ಹೇಳುತ್ತಾರೆ ಅಂತ ತಿಳಿಸಿದ್ದಾರಂತೆ.

ಕಾಕುವಿನ ಚಿಂತೆ ಬೇರೆ. ಬರುವಾಗ ಕೊಲ್ಹಾರದಲ್ಲಿ ಎರಡು ಗಡಿಗೆ ಮೊಸರು ತರಲೇಬೇಕು, ಗಡಿಗೆ ಬೋರಲು ಹಾಕಿದರೂ ಬೀಳದಂಥ ಗಟ್ಟಿ ಮೊಸರು. ಬೇಡವೇ ಬೇಡ ಅಂತ ಕಾಕಾ.

“ಅಲ್ಲೇ ಕೂತು ತಿಂದು ಬರೂಣು. ಅಷ್ಟರಾಗ ಮಂತ್ರಿ ಹೋಗಿ ಹಂಪ್ಸ್ ತಿರಗಿ ಬಂದಿದ್ರ? ಬೆಳಗಾವಿ ಮುಟ್ಟೂದ್ರಾಗ ಕಡದು ಮಜ್ಜಿಗಿ ಆಗಿರತೈತಿ.”

“ಆಗವಲ್ದ್ಯಾಕ್ರಿ,” ಅಂದರು ಕಾಕು, “ಹಿಂದಿನ ಸೀಟಿನ್ಯಾಗ ಕೂಡಾಕಿ ನಾನ ಅಲ್ಲೇನು, ಗಡಿಗಿ ತೊಡಿ ಮ್ಯಾಲ ಇಟಗೋತೀನಿ. ಬೆಣ್ಣಿ ತಗದು ತುಪ್ಪಾ ಕಾಸ್ತೀನಿ. ನೀವು ಗಾಡ್ಯಾಗ ಉಪ್ಪು, ಜೀರಗಿ ಇಡೂದು ಮರೀಬ್ಯಾಡ್ರಿ.”