ಪ್ರಾಜೆಕ್ಟ್ ವರದಿಯ ಬದಲು ವಿಡಿಯೋ: ಬೇಕೆ, ಬೇಡವೆ?

ಪ್ರೌಢಶಾಲೆಯ ಮಕ್ಕಳು ಪ್ರತಿವರ್ಷ ಬರೆದು ಕೊಡುವ ಪ್ರಾಜೆಕ್ಟ್ ವರದಿಯನ್ನು ಕೈಬಿಟ್ಟು, ಅದರ ಜಾಗದಲ್ಲಿ ಐದು ನಿಮಿಷದ ವಿಡಿಯೋ ಮಾಡಿಸಿ ಅಂಕ ಕೊಡಬಹುದೇ? ಕೊಪ್ಪಳ ಜಿಲ್ಲೆಯ ಇಬ್ಬರು ಶಿಕ್ಷಕರ ಎರಡು ಉತ್ತರಗಳು ಇಲ್ಲಿವೆ. ಮೊದಲನೆಯವರು ಸಮಾಜ ವಿಜ್ಞಾನ ಕಲಿಸುವವರು, ಎರಡನೆಯವರು ಕನ್ನಡ ಕಲಿಸುವವರು.

ಪರ: ಅಂಟಿಸಿದ ಚಿತ್ರ ಏನನ್ನೂ ಕಲಿಸುವುದಿಲ್ಲ

ಈಗಿನ ಪ್ರಾಜೆಕ್ಟ್ ಏನಾಗಿ ಉಳಿದಿದೆ ಎಂದು ಮೊದಲು ನೋಡೋಣ. ಸ್ಟೇಷನರಿ ಅಂಗಡಿಯಲ್ಲಿ ‘ಐತಿಹಾಸಿಕ ಸ್ಥಳಗಳು’ ಎಂಬ ಚಿತ್ರಗಳ ಹಾಳೆ ಸಿಗುತ್ತದೆ. ಅದನ್ನು ಕತ್ತರಿಸಿ ಅಂಟಿಸಬೇಕು, ಪಕ್ಕದಲ್ಲಿ ಅಂತರ್ಜಾಲದಿಂದ ಇಳಿಸಿಕೊಂಡ ಒಂದೂವರೆ ಪುಟವನ್ನು ದುಂಡಗೆ ನಕಲು ಮಾಡಬೇಕು, ಹೊಳೆಯುವ ರಟ್ಟು ಹಾಕಬೇಕು. ಅಣ್ಣ ಕೊಟ್ಟದ್ದನ್ನೇ ಎರಡು ವರ್ಷ ಬಿಟ್ಟು ತಮ್ಮ ಹೊಸ ರಟ್ಟಿನಲ್ಲಿ ಕೊಟ್ಟರೂ ಅಂಕ ಬರುತ್ತದೆ. ಇದು ಶಿಕ್ಷಕರಿಗೆ ಗೊತ್ತು, ಪಾಲಕರಿಗೆ ಗೊತ್ತು, ರಟ್ಟು ಮಾರುವವರಿಗಂತೂ ಚೆನ್ನಾಗಿ ಗೊತ್ತು. ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಇಟಗಿಯ ದೇವಾಲಯವನ್ನು 1112ರಲ್ಲಿ ಕಟ್ಟಿಸಿದ ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದ ಹುಡುಗ, ಪಕ್ಕದ ಕುಕನೂರಿನವನೇ ಆಗಿದ್ದರೂ, ಇಟಗಿಗೆ ಕಾಲಿಟ್ಟಿರುವುದಿಲ್ಲ. ವಿಡಿಯೋ ಮಾಡಬೇಕಾದ ಹುಡುಗನಿಗೆ ಈ ಅನುಕೂಲವಿಲ್ಲ. ಅವನು ಹೋಗಲೇಬೇಕು.

ಹೋದ ಮೇಲೆ ನಡೆಯುವುದೇ ನಿಜವಾದ ಕಲಿಕೆ. ಗಂಗಾವತಿ ಕಡೆಯ ಹಿರೇಬೆಣಕಲ್ ಬೆಟ್ಟವನ್ನು ತೆಗೆದುಕೊಳ್ಳಿ. ಬಂಡೆಗಳ ನಡುವೆ ಹತ್ತಿಹೋದರೆ ಬೃಹತ್ ಶಿಲಾಯುಗದ ಸುಮಾರು 400 ರಚನೆಗಳು ಸಿಗುತ್ತವೆ. ಊರಿನವರ ಬಾಯಲ್ಲಿ ಅದು ಮೋರೇರ ಗುಡ್ಡ. 2021ರಲ್ಲಿ ಅದು ಯುನೆಸ್ಕೋದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಯನ್ನೂ ಸೇರಿತು. ಪಠ್ಯಪುಸ್ತಕದ ಸಾಲನ್ನು ನಕಲು ಮಾಡುವವನಿಗೆ ‘ದೊಡ್ಡ ಚಪ್ಪಡಿಗಳು’ ಎಂದರೆ ಸಾಕು. ಮೊಬೈಲ್ ಹಿಡಿದು ನಿಂತವನಿಗೆ ಸಾಲದು. ಎಷ್ಟು ದೊಡ್ಡದು ಎಂದು ನೋಡುವವರಿಗೆ ತಿಳಿಯುವುದು ಹೇಗೆ? ಗೆಳತಿಯನ್ನು ಪಕ್ಕದಲ್ಲಿ ನಿಲ್ಲಿಸಬೇಕು ಎಂದು ಯಾರಿಗೋ ಹೊಳೆಯುತ್ತದೆ. ಚಪ್ಪಡಿಯಲ್ಲಿ ಕೊರೆದ ದುಂಡನೆಯ ಕಿಂಡಿಯನ್ನು ಮೊದಲು ತೋರಿಸಬೇಕೋ, ಸಾಲುಗಟ್ಟಿ ನಿಂತ ಕಲ್ಮನೆಗಳನ್ನೋ ಎಂಬ ಜಗಳ ಶುರುವಾಗುತ್ತದೆ. ಆ ಜಗಳದಲ್ಲಿ ಯಾರಾದರೂ ‘ಈ ಕಿಂಡಿ ಏತಕ್ಕೆ’ ಎಂದು ಕೇಳುತ್ತಾರೆ. ನನ್ನ ಪಾಠದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಏಕೆಂದರೆ ಪಾಠದಲ್ಲಿ ಕಿಂಡಿ ಕಾಣುವುದೇ ಇಲ್ಲ. ಅದೇ ಬೆಟ್ಟದ ಮೇಲೆ ನಗಾರಿ ಗುಂಡು ಎಂಬ ಬಂಡೆಯಿದೆ. ಬಡಿದರೆ ನಗಾರಿಯಂತೆ ಮೊಳಗುತ್ತದೆ. ಆ ಸದ್ದನ್ನು ಯಾವ ರಟ್ಟಿನೊಳಗೆ ಅಂಟಿಸುತ್ತೀರಿ?

ತಂತ್ರಜ್ಞಾನ ಎಂದೊಡನೆ ನಮ್ಮವರು ದುಬಾರಿ ಕ್ಯಾಮೆರಾ, ಡ್ರೋನ್ ಎಂದು ಗಾಬರಿಯಾಗುತ್ತಾರೆ. ನಾನು ಹೇಳುತ್ತಿರುವುದು ಬೆಳಕು ಮತ್ತು ಶಬ್ದದ ವಿಷಯ. ಕೊಪ್ಪಳದ ಗವಿಮಠದ ಬಳಿಯ ಅಶೋಕನ ಶಾಸನ ಬೆಳಕಿಗೆ ಬಂದದ್ದು 1931ರಲ್ಲಿ. ಬಂಡೆಗೆ ನೇರವಾಗಿ ಬೆಳಕು ಬಿಟ್ಟು ಚಿತ್ರ ತೆಗೆದರೆ ಸವೆದ ಬ್ರಾಹ್ಮಿ ಅಕ್ಷರ ಕಲ್ಲಿನ ಬಣ್ಣದೊಳಗೇ ಕರಗಿಹೋಗುತ್ತದೆ. ಬೆಳಕು ಪಕ್ಕದಿಂದ ಓರೆಯಾಗಿ ಬಿದ್ದರೆ ಪ್ರತಿ ಗೆರೆಯ ತಗ್ಗಿನಲ್ಲೂ ನೆರಳು ನಿಂತು ಅಕ್ಷರ ಎದ್ದು ಬರುತ್ತದೆ. ಶಾಸನ ಓದುವವರು ಓರೆ ಬೆಳಕಿನ ಈ ಉಪಾಯವನ್ನು ಮೊದಲಿನಿಂದ ಬಲ್ಲರು. ಯಾವ ಹೊತ್ತಿನಲ್ಲಿ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂದು ತಂಡವೇ ಲೆಕ್ಕ ಹಾಕಿದರೆ ಅದು ಇತಿಹಾಸವೂ ಹೌದು, ಭೌತಶಾಸ್ತ್ರವೂ ಹೌದು.

ಶಬ್ದವೂ ಹಾಗೆಯೇ. ಕಿನ್ನಾಳದಲ್ಲಿ ಗೊಂಬೆ ಮಾಡುವ ಚಿತ್ರಗಾರರನ್ನು ಮಾತನಾಡಿಸಲು ಹೋದ ಮಕ್ಕಳು ಅಂಗಳದಾಚೆ ನಿಂತು ಚಿತ್ರೀಕರಿಸಿದರೆ, ಕೇಳಿಸುವುದು ರಸ್ತೆಯ ಟ್ರ್ಯಾಕ್ಟರ್ ಮತ್ತು ಗಾಳಿ. ಮಾತನಾಡುವವರಿಂದ ಮೈಕಿನ ದೂರ ಇಮ್ಮಡಿಯಾದರೆ ದನಿಯ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ, ಟ್ರ್ಯಾಕ್ಟರಿನದು ಇಳಿಯುವುದಿಲ್ಲ. ಪರಿಹಾರಕ್ಕೆ ದುಡ್ಡು ಬೇಕಿಲ್ಲ. ಇನ್ನೊಂದು ಮೊಬೈಲನ್ನು ಕಲಾವಿದರ ಹತ್ತಿರವೇ ಇಟ್ಟು ದನಿ ಮಾತ್ರ ದಾಖಲಿಸಿಕೊಳ್ಳುವುದು, ಆರಂಭದಲ್ಲಿ ಒಮ್ಮೆ ಚಪ್ಪಾಳೆ ತಟ್ಟುವುದು, ಎಡಿಟಿಂಗ್ ಮಾಡುವಾಗ ಆ ಚಪ್ಪಾಳೆಯ ಸದ್ದಿಗೆ ಚಿತ್ರವನ್ನು ಹೊಂದಿಸುವುದು. ಒಂಬತ್ತನೆಯ ತರಗತಿಯ ಶಬ್ದದ ಪಾಠವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪ್ರಯೋಗಾಲಯ ನಮ್ಮ ಸರ್ಕಾರಿ ಶಾಲೆಗಳಲ್ಲಿ ಎಷ್ಟಿವೆ? ಇನ್ನು ಹಗುರ ಮರವನ್ನು ಕೆತ್ತುವುದು, ಮರದ ಪುಡಿಗೆ ಹುಣಸೆ ಬೀಜದ ಅಂಟು ಬೆರೆಸಿ ಕಿಟ್ಟ ಮಾಡುವುದು, ಅದನ್ನು ಗೊಂಬೆಯ ಮೈಗೆ ಮೆತ್ತುವುದು, ಆಮೇಲೆ ಬಣ್ಣ ಹಾಕುವುದು, ಈ ಕ್ರಮವನ್ನು ಹೇಳುವುದಕ್ಕಿಂತ ತೋರಿಸುವುದೇ ಸರಿ. ಕೈಯ ಕೆಲಸ ಕೈಯಲ್ಲೇ ಕಾಣಬೇಕು.

ಎಡಿಟಿಂಗ್ ಕಲಿಸುವುದಕ್ಕೆ ನನಗೆ ಇನ್ನೊಂದು ಕಾರಣವಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟ್ ಕೊಚ್ಚಿಹೋದಾಗ ಬೆಳಗಾಗುವುದರೊಳಗೆ ಎಲ್ಲರ ಮೊಬೈಲಿನಲ್ಲೂ ನೀರು ನುಗ್ಗುವ ದೃಶ್ಯಗಳಿದ್ದವು. ಯಾರು ತೆಗೆದದ್ದು, ಯಾವಾಗ ತೆಗೆದದ್ದು, ಜೊತೆಗಿರುವ ಗದ್ದಲ ಅಲ್ಲಿಯದೇನಾ ಎಂದು ಕೇಳಿದವರು ಕಡಿಮೆ. ಒಬ್ಬರು ಹೇಳಿದ ಮೂರು ನಿಮಿಷದ ಮಾತನ್ನು ಇಪ್ಪತ್ತು ಸೆಕೆಂಡಿಗೆ ಕತ್ತರಿಸಿ, ಅರ್ಥ ಬದಲಾದದ್ದನ್ನು ಕಂಡು ಬೆಚ್ಚಿಬಿದ್ದ ಹುಡುಗಿ ಮುಂದೆ ಯಾವ ತುಣುಕನ್ನೂ ಸುಮ್ಮನೆ ನಂಬುವುದಿಲ್ಲ. ಇದನ್ನು ಉಪದೇಶದಿಂದ ಕಲಿಸಲಾಗದು.

ಎಲ್ಲರ ಮನೆಯಲ್ಲೂ ಮೊಬೈಲ್ ಎಲ್ಲಿದೆ ಎನ್ನುತ್ತಾರೆ. ಆರು ಮಕ್ಕಳ ತಂಡಕ್ಕೆ ಎರಡು ಮೊಬೈಲ್ ಸಾಕು. ಉಳಿದವರಿಗೆ ಪ್ರಶ್ನೆ ಬರೆಯುವ, ಅನುಮತಿ ಕೇಳುವ, ಯಾವ ಶಾಟ್ ಎಲ್ಲಿದೆ ಎಂದು ಪಟ್ಟಿ ಇಡುವ ಕೆಲಸವಿದೆ. ಶಾಲೆಯ ಕಂಪ್ಯೂಟರಿನಲ್ಲಿ ಕೆಡೆನ್‌ಲೈವ್, ಶಾಟ್‌ಕಟ್, ಆಡಾಸಿಟಿ ಎಂಬ ಉಚಿತ ತಂತ್ರಾಂಶಗಳು ನಡೆಯುತ್ತವೆ. ಟ್ರೈಪಾಡ್ ಬದಲು ಇಟ್ಟಿಗೆ ನಡೆಯುತ್ತದೆ. ಅಂಕವನ್ನು ಹೊಳಪಿಗೆ ಕೊಡಬೇಡಿ. ಕತ್ತರಿಸದ ಮೂಲ ಚಿತ್ರಿಕೆಯನ್ನೂ ಶಾಟ್ ಪಟ್ಟಿಯನ್ನೂ ತರಿಸಿಕೊಂಡು ಅದಕ್ಕೆ ಕೊಡಿ. ಆಗ ಬೇರೆಯವರಿಂದ ಮಾಡಿಸಿದ್ದು ತಾನಾಗಿ ಸಿಕ್ಕಿಬೀಳುತ್ತದೆ.

ವಿರೋಧ: ಅಂಕ ಹೋಗುವುದು ಮೊಬೈಲ್ ಇದ್ದವರಿಗೆ

ರಟ್ಟಿನ ಪ್ರಾಜೆಕ್ಟ್ ಸತ್ತಿದೆ ಎಂಬ ಮಾತನ್ನು ಒಪ್ಪುತ್ತೇನೆ. ಆದರೆ ನಕಲು ರೋಗಕ್ಕೆ ವಿಡಿಯೋ ಔಷಧವಲ್ಲ. ಈಗಾಗಲೇ ಮೊಬೈಲಿನಲ್ಲಿ ಸಿದ್ಧ ಮಾದರಿಗಳಿವೆ. ನಾಲ್ಕು ಚಿತ್ರ ಹಾಕಿದರೆ ಸಂಗೀತ, ಅಕ್ಷರ, ಮಿಂಚು ಎಲ್ಲವನ್ನೂ ಅದೇ ಜೋಡಿಸಿಕೊಡುತ್ತದೆ. ಬರೆದದ್ದನ್ನು ಕೃತಕ ದನಿ ಓದುತ್ತದೆ. ಮೂಲ ಚಿತ್ರಿಕೆ ತರಿಸಿಕೊಳ್ಳಿ ಎಂದರೆ ಹೇಳಲು ಸುಲಭ. 1080 ಪಿಕ್ಸೆಲ್ ಗುಣಮಟ್ಟದ ವಿಡಿಯೋ ಒಂದು ನಿಮಿಷಕ್ಕೆ 100 ಎಂಬಿಗೂ ಹೆಚ್ಚು ಜಾಗ ತಿನ್ನುತ್ತದೆ. ಒಂದು ತಂಡ ಒಂದು ಗಂಟೆ ಚಿತ್ರೀಕರಿಸಿದರೆ 6 ಜಿಬಿ. ತರಗತಿಗೆ ಹತ್ತು ತಂಡ, ಮೂರು ವಿಭಾಗ ಎಂದುಕೊಳ್ಳಿ. 30 ಗಂಟೆಗಳ ಮೂಲ ಚಿತ್ರಿಕೆಯನ್ನು ನೋಡುವ ಶಿಕ್ಷಕ ಯಾರು? ಮಧ್ಯಾಹ್ನದ ಊಟದ ಲೆಕ್ಕ, ಆನ್‌ಲೈನ್ ಹಾಜರಾತಿ, ಗಣತಿ, ಚುನಾವಣೆ ಎಲ್ಲ ಮುಗಿಸಿ ಬಂದ ನಾನೇ? ಕೊನೆಗೆ ನೋಡುವುದು ಮುಗಿದ ಐದು ನಿಮಿಷವನ್ನು ಮಾತ್ರ, ಅಂಕ ಬೀಳುವುದು ಹೊಳಪಿಗೆ ಮಾತ್ರ. ಮದುವೆ ವಿಡಿಯೋ ಮಾಡುವ ಸ್ಟುಡಿಯೋಗಳಿಗೆ ಹೊಸ ಗಿರಾಕಿಗಳು ಸಿಗುತ್ತಾರೆ, ಅಷ್ಟೇ.

ತಂಡಕ್ಕೆ ಎರಡು ಮೊಬೈಲ್ ಸಾಕು ಎಂಬ ಲೆಕ್ಕ ಕಾಗದದ ಮೇಲೆ ಸರಿಯಿದೆ. ನಮ್ಮ ತಾಲ್ಲೂಕುಗಳಲ್ಲಿ ಮನೆಯ ಮೊಬೈಲ್ ಅಪ್ಪನದು. ಅಪ್ಪ ಗುಳೆ ಹೋದರೆ ಮೊಬೈಲೂ ಬೆಂಗಳೂರಿಗೋ ಗೋವಾಕ್ಕೋ ಹೋಗುತ್ತದೆ. ಮಗು ಅಜ್ಜಿಯ ಜೊತೆ ಊರಿನಲ್ಲಿ ಉಳಿಯುತ್ತದೆ. ಅಜ್ಜಿಯ ಬಳಿ ಗುಂಡಿ ಒತ್ತುವ ಹಳೆಯ ಮೊಬೈಲ್. ಆಗ ತಂಡದಲ್ಲಿ ಮೊಬೈಲ್ ತಂದವನೇ ನಿರ್ದೇಶಕ. ಉಳಿದವರ ಪಾಲಿಗೆ ಬರುವುದು ‘ಶಾಟ್ ಪಟ್ಟಿ ಇಡುವ’ ಗೌರವ. ಹುಡುಗಿಯರ ವಿಷಯದಲ್ಲಿ ಇನ್ನೂ ಕಷ್ಟ. ಹತ್ತನೆಯ ತರಗತಿಯ ಹುಡುಗಿ ಹುಡುಗರ ಜೊತೆ ಭಾನುವಾರ ಹಿರೇಬೆಣಕಲ್ ಬೆಟ್ಟ ಹತ್ತಿ ಚಿತ್ರೀಕರಣ ಮಾಡಿ ಬರುತ್ತೇನೆ ಎಂದರೆ ಎಷ್ಟು ಮನೆಗಳಲ್ಲಿ ಹೂಂ ಎನ್ನುತ್ತಾರೆ? ಮನೆಯವರು ಬದಲಾಗಬೇಕು ಎನ್ನುವುದು ನಿಜ. ಅಲ್ಲಿಯವರೆಗೆ ಅವಳ ಅಂಕ ಕಡಿತವಾಗಬೇಕೇ? ಹಾಳೆ ಮತ್ತು ಪೆನ್ನು ಅವಳಿಗೆ ಯಾರ ಅಪ್ಪಣೆಯೂ ಇಲ್ಲದೆ ಸಿಗುತ್ತವೆ. ಈ ಒಂದು ಕಾರಣಕ್ಕೇ ನಾನು ಬರವಣಿಗೆಯ ಪಕ್ಷ.

ಇನ್ನೊಂದು ಕಾರಣವೂ ಇದೆ. ಎಸ್‌ಎಸ್‌ಎಲ್‌ಸಿಯ ಹೆಚ್ಚಿನ ವಿಷಯಗಳಲ್ಲಿ ಆಂತರಿಕ ಮೌಲ್ಯಮಾಪನಕ್ಕೆ 20 ಅಂಕವಾದರೆ ಲಿಖಿತ ಪರೀಕ್ಷೆಗೆ 80. ಆ 80 ಅಂಕವನ್ನು ಮಗು ಪೆನ್ನಿನಿಂದಲೇ ಗಳಿಸಬೇಕು. ನನ್ನ ಮುಂದೆ ಕುಳಿತಿರುವ ಮಕ್ಕಳು ಚೆನ್ನಾಗಿ ಮಾತನಾಡುತ್ತಾರೆ, ನಗಿಸುತ್ತಾರೆ, ಅಣಕು ಮಾಡುತ್ತಾರೆ. ಒಂದು ಪುಟ ಬರೆಯಿರಿ ಎಂದರೆ ಐದನೆಯ ಸಾಲಿಗೆ ನಿಲ್ಲುತ್ತಾರೆ. ಒತ್ತಕ್ಷರ ತಪ್ಪುತ್ತದೆ, ವಾಕ್ಯ ಅರ್ಧದಲ್ಲಿ ಕಳಚಿಕೊಳ್ಳುತ್ತದೆ, ಮೊದಲು ಹೇಳಿದ್ದಕ್ಕೂ ಆಮೇಲೆ ಹೇಳಿದ್ದಕ್ಕೂ ಸಂಬಂಧ ಇರುವುದಿಲ್ಲ. ಸಾವಧಾನವಾಗಿ, ತಿದ್ದಿ ತಿದ್ದಿ ಬರೆಯಲು ಅವರಿಗೆ ವರ್ಷದಲ್ಲಿ ಸಿಗುವ ದೊಡ್ಡ ಅವಕಾಶ ಎಂದರೆ ಈ ಪ್ರಾಜೆಕ್ಟ್. ಅದನ್ನು ನಾವು ನಕಲಿಗೆ ಬಿಟ್ಟದ್ದು ನಮ್ಮ ಸೋಮಾರಿತನ. ಪ್ರಶ್ನೆಯನ್ನು ಬದಲಿಸಿದರೆ ನಕಲು ನಿಲ್ಲುತ್ತದೆ. ‘ಐತಿಹಾಸಿಕ ಸ್ಥಳಗಳು’ ಎಂದು ಕೊಟ್ಟರೆ ಅಂಗಡಿಯ ಹಾಳೆಯೇ ಬರುತ್ತದೆ. ‘ನಿಮ್ಮ ಅಜ್ಜಿ ಬರಗಾಲದಲ್ಲಿ ಏನು ಉಣ್ಣುತ್ತಿದ್ದರು, ಕೇಳಿ ಬರೆಯಿರಿ’ ಎಂದು ಕೊಡಿ. ಅದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಇಟಗಿಯವರೆಗೆ ಬಸ್ ಖರ್ಚೂ ಬೇಕಿಲ್ಲ.

ಕಿನ್ನಾಳದ ಮಾತು ಬಂದದ್ದರಿಂದ ಹೇಳುತ್ತೇನೆ. ಗೊಂಬೆ ಮಾಡುವವರ ಮನೆ ಪ್ರದರ್ಶನಾಲಯವಲ್ಲ, ಅವರ ಕೆಲಸದ ಜಾಗ. ಒಂದು ಶಾಲೆಯ ಒಂದು ತಂಡ ಬಂದರೆ ಖುಷಿಯಿಂದ ಕೂರಿಸಿಕೊಳ್ಳುತ್ತಾರೆ, ಚಹಾ ಕೊಡುತ್ತಾರೆ. ಜಿಲ್ಲೆಯ ಪ್ರತಿ ಶಾಲೆಯೂ ವಿಡಿಯೋಗೆ ಅಂಕ ಇಟ್ಟರೆ ಗಣೇಶ ಚತುರ್ಥಿಯ ಮುಂಚಿನ ತಿಂಗಳಲ್ಲೇ ಸಾಲುಗಟ್ಟಿ ಬರುತ್ತಾರೆ. ‘ಇನ್ನೊಮ್ಮೆ ಕೆತ್ತಿ ತೋರಿಸಿ, ಬೆಳಕು ಸರಿ ಬರಲಿಲ್ಲ’ ಎಂದು ಕೇಳುವ ಮಗುವಿಗೆ ಅದು ಅವರ ದಿನದ ಕೂಲಿ ಎಂದು ಯಾರು ಹೇಳಬೇಕು? ಮೊರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ತೊಂಬತ್ತು ದಾಟಿದ ಆ ಹಿರಿಯರ ಮನೆ ಬಾಗಿಲಿಗೆ ಅಂಕಕ್ಕಾಗಿ ಮೊಬೈಲ್ ಹಿಡಿದ ತಂಡಗಳನ್ನು ಅಟ್ಟುವುದು ನನಗೆ ಒಪ್ಪಿಗೆಯಿಲ್ಲ. ನಗಾರಿ ಗುಂಡನ್ನು ಹತ್ತು ತಂಡಗಳು ಸರದಿಯಲ್ಲಿ ಬಡಿಯುವ ದೃಶ್ಯವನ್ನಂತೂ ಮಿತ್ರರು ಒಮ್ಮೆ ಊಹಿಸಿಕೊಳ್ಳಲಿ.

ಮಕ್ಕಳ ಮುಖದ ಪ್ರಶ್ನೆಯನ್ನು ಮಿತ್ರರು ಎತ್ತಲೇ ಇಲ್ಲ. ಮಾಡಿದ ವಿಡಿಯೋ ಶಾಲೆಯಲ್ಲೇ ಉಳಿಯುವುದಿಲ್ಲ. ವಾಟ್ಸ್‌ಆ್ಯಪ್ ಗುಂಪಿಗೆ ಹೋಗುತ್ತದೆ, ಅಲ್ಲಿಂದ ಯೂಟ್ಯೂಬಿಗೆ, ಆಮೇಲೆ ಯಾರ ಕೈಗೋ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನು ಮಕ್ಕಳೆಂದೇ ಪರಿಗಣಿಸಿ, ಅವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕು ಎನ್ನುತ್ತದೆ. ನಮ್ಮಲ್ಲಿ ಒಪ್ಪಿಗೆ ಎಂದರೆ ಜೂನ್ ತಿಂಗಳಲ್ಲಿ ಹತ್ತು ಕಾಗದಗಳ ಜೊತೆ ಹಾಕಿಸಿಕೊಂಡ ಒಂದು ಹೆಬ್ಬೆಟ್ಟು.

ವಿಡಿಯೋ ಮಾಡಿಸಲೇಬಾರದು ಎಂದು ನಾನು ಹೇಳುವುದಿಲ್ಲ. ಓರೆ ಬೆಳಕಿನ ಪಾಠ ನನಗೂ ಹಿಡಿಸಿತು. ಶನಿವಾರ ಶಾಲೆಯ ಆವರಣದಲ್ಲಿ, ಶಾಲೆಯದೇ ಮೊಬೈಲಿನಲ್ಲಿ, ಶಿಕ್ಷಕರ ಎದುರಿನಲ್ಲಿ, ಅಂಕವಿಲ್ಲದೆ ಮಾಡಿಸಲಿ; ಗವಿಮಠಕ್ಕೆ ತರಗತಿಯನ್ನೇ ಒಟ್ಟಿಗೆ ಕರೆದುಕೊಂಡು ಹೋಗಲಿ. ಆ ಮೊಬೈಲಿಗೆ ದುಡ್ಡು ಎಲ್ಲಿಂದ ಎಂಬುದನ್ನು ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಮೊದಲು ತೀರ್ಮಾನಿಸಲಿ. ಅದಾಗುವವರೆಗೆ ನನ್ನ ವಿಷಯದ ಪ್ರಾಜೆಕ್ಟನ್ನು ನಾನು ಹಾಳೆಯ ಮೇಲೆಯೇ ತೆಗೆದುಕೊಳ್ಳುತ್ತೇನೆ, ಕರಡು ಪ್ರತಿಯ ಸಮೇತ.